ನನ್ನ ಎಡಗಾಲು ಯಾವ ವಿಮೆಗೆ ಸೇರುತ್ತದೆ?

ಮಾನ್ಯ ವಿಮಾ ಸೇವಾ ಕೇಂದ್ರದ ವ್ಯವಸ್ಥಾಪಕರೇ,

ತಾವು ಕಳಿಸಿದ ಪತ್ರ ತಲುಪಿತು. ನನ್ನ ಎಡಗಾಲು ಮುರಿದ ಸಂಗತಿಯನ್ನು ನಾನು ತಡವಾಗಿ ತಿಳಿಸಿದ್ದರಿಂದ ಯಾವ ಪರಿಹಾರವೂ ಸಿಗುವುದಿಲ್ಲ ಎಂದು ಅದರಲ್ಲಿ ಬರೆದಿದ್ದೀರಿ. ಕಾಲು ಮುರಿದ ಹನ್ನೆರಡನೇ ದಿನವೇ ನನ್ನ ಹೆಂಡತಿ ತಮ್ಮಲ್ಲಿಗೆ ಬಂದಿದ್ದಳು. ವಾಸಿಯಾದ ಮೇಲೆ ಬನ್ನಿ ಎಂದು ತಮ್ಮವರೇ ಹಿಂದಕ್ಕೆ ಕಳಿಸಿದರು. ವಾಸಿಯಾದ ಮೇಲೆ ಬಂದರೆ ತಡವಾಯಿತು ಎನ್ನುತ್ತೀರಿ. ಹಾಗಾದರೆ ಕಾಲು ಮುರಿದವನು ತಮ್ಮ ಬಳಿ ಬರಲು ಸರಿಯಾದ ದಿನ ಯಾವುದು? ಮುರಿಯುವ ಹಿಂದಿನ ದಿನವೇ? ಇದೇ ಪ್ರಶ್ನೆಯನ್ನು ಮೂರು ಪತ್ರಗಳಲ್ಲಿ ವಿನಯದಿಂದ ಕೇಳಿದ್ದೆ. ಅದಕ್ಕೆ ಮಾತ್ರ ಉತ್ತರ ಬಾರದ ಕಾರಣ ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಾನು ನಾಗಲಿಂಗ, ಖಾನಾಪುರ ತಾಲ್ಲೂಕಿನ ಗುಂಜಿಯವನು. ಬೆಳಗಾವಿಯ ಟಿಳಕವಾಡಿಯಲ್ಲಿ ತಮ್ಮ ಕೇಂದ್ರದಿಂದ ನಾಲ್ಕು ಅಂಗಡಿ ಆಚೆ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ರೇಷನ್ ಕಾರ್ಡಿನ ತಿದ್ದುಪಡಿಯಿಂದ ಹಿಡಿದು ಹೊಲದ ಬದುವಿನ ತಕರಾರಿನವರೆಗೆ ಇಪ್ಪತ್ತಾರು ವರ್ಷಗಳಿಂದ ಪರರ ದುಃಖವನ್ನು ಸರ್ಕಾರಿ ಭಾಷೆಗೆ ತಿರುಗಿಸುವುದೇ ನನ್ನ ಉದ್ಯೋಗ. ಸಹಿ ಮಾಡುವ ಮೊದಲು ಓದಿ ನೋಡ್ರಿ ಎಂದು ಗಿರಾಕಿಗಳನ್ನು ಗದರುವ ಮನುಷ್ಯ ನಾನು. ಅಂಥವನು ನನ್ನ ಸ್ವಂತ ವಿಮೆಯ ಅರ್ಜಿಗೆ ಓದದೆಯೇ ಸಹಿ ಮಾಡಿದೆ. ಈ ತಪ್ಪು ನನ್ನದು. ತಾವು ಎತ್ತಿ ತೋರಿಸುವ ಮೊದಲೇ ಒಪ್ಪಿಕೊಳ್ಳುತ್ತೇನೆ.

ನನ್ನ ಹೆಂಡತಿ ಮಾಲಾಳ ಸೋದರಮಾವನ ಮಗ ಸಂಜಯ ಆಗ ತಮ್ಮ ಕೇಂದ್ರದ ಏಜೆಂಟನಾಗಿದ್ದ. ಒಂದು ಭಾನುವಾರ ಗುಂಜಿಗೆ ಬಂದು, ಚಹಾ ಕುಡಿಯುತ್ತ, ಇಂಗ್ಲಿಷಿನಲ್ಲಿ ಅಚ್ಚಾದ ಮೂರು ಕಾಗದದ ಕಟ್ಟುಗಳನ್ನು ಹರಡಿದ. ಎಲ್ಲೆಲ್ಲಿ ಸಹಿ ಬೇಕೋ ಅಲ್ಲಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡೇ ಬಂದಿದ್ದ. ಇದರಲ್ಲಿ ಏನೇನಿದೆ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ವಿವರಣೆ ಇಷ್ಟು: "ಮಾಮಾ, ಎಲ್ಲಾ ಇದರಾಗ ಐತಿ. ನಿಮಗ ಏನಾದ್ರೂ ಆತಂದ್ರ ಕಂಪನಿ ನೋಡಕೋತೈತಿ." ಹೆಂಡತಿಯ ತವರಿನವನ ಎದುರು ಸಂಶಯಪಟ್ಟವನಂತೆ ಕನ್ನಡಕ ಏರಿಸಿ ಕೂರಲು ನನಗೆ ಧೈರ್ಯ ಬರಲಿಲ್ಲ. ಹದಿನಾಲ್ಕು ಕಡೆ ಸಹಿ ಮಾಡಿದೆ. ತವರಿನವರನ್ನು ನಂಬಿದ್ದಕ್ಕೆ ಮಾಲಾ ಆ ದಿನ ಅವಲಕ್ಕಿಯ ಮೇಲೆ ಎರಡು ಚಮಚ ಹೆಚ್ಚು ಕೊಬ್ಬರಿ ಹಾಕಿದಳು. ಆ ಸಹಿಗಳಿಂದ ನನಗೆ ಈವರೆಗೆ ದೊರೆತ ಏಕೈಕ ಪರಿಹಾರ ಅದು.

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ರೈಲು ತಪ್ಪಿತೆಂದು ಬೈಕಿನಲ್ಲಿ ಖಾನಾಪುರದ ಕಡೆ ಹೊರಟಿದ್ದೆ. ಗುಂಜಿ ದಾಟಿ ಸ್ವಲ್ಪ ದೂರದಲ್ಲಿ, ಮಂಜಿನ ನಡುವೆ, ರಸ್ತೆಗೆ ಅಡ್ಡವಾಗಿ ಒಂದು ಕಾಡುಕೋಣ ನಿಂತಿತ್ತು. ಬ್ರೇಕು ಒತ್ತಿದೆ. ಬೈಕು ಜಾರಿತು. ನಾನು ಕೆಳಗೆ, ಬೈಕು ನನ್ನ ಕಾಲಿನ ಮೇಲೆ. ಕೋಣ ನನ್ನನ್ನು ಮುಟ್ಟಲೂ ಇಲ್ಲ. ಒಂದು ನಿಮಿಷ ನನ್ನತ್ತ ನೋಡಿ ತನ್ನ ಪಾಡಿಗೆ ಕಾಡಿನೊಳಗೆ ಹೋಯಿತು. ಹಾಲಿನ ಗಾಡಿಯ ಸಾತಪ್ಪ ಬಂದು ಎತ್ತಿ, ಕ್ಯಾನುಗಳ ನಡುವೆ ಮಲಗಿಸಿ ಬೆಳಗಾವಿಯ ದವಾಖಾನೆಗೆ ತಂದ. ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ರಾಡು ಹಾಕಬೇಕು, ಹತ್ತು ವಾರ ನೆಲಕ್ಕೆ ಕಾಲೂರುವಂತಿಲ್ಲ ಎಂದರು. ನೋವಿನ ನಡುವೆಯೂ ನಾನು ಸಮಾಧಾನದಿಂದಿದ್ದೆ. ಅಳುತ್ತಿದ್ದ ಮಾಲಾಳಿಗೆ, ಹೆದರಬೇಡ, ನನ್ನ ಮೇಲೆ ಮೂರು ವಿಮೆಗಳಿವೆ ಎಂದೆ.

ದವಾಖಾನೆಯ ಕಿಟಕಿಯಲ್ಲಿ ಅವಳು ಮೂರೂ ಕಟ್ಟುಗಳನ್ನಿಟ್ಟಳು. ಅಲ್ಲಿದ್ದವರು ನೋಡಿ, ಇದರಲ್ಲಿ ಆರೋಗ್ಯ ವಿಮೆ ಒಂದೂ ಇಲ್ಲ ಎಂದು ಹಿಂದಿರುಗಿಸಿದರು. ಆ ಖರ್ಚಿಗೆ ಅವಳ ಕಿವಿಯ ಬುಗುಡಿಗಳು ಹೋದವು. ಅದರ ಲೆಕ್ಕವನ್ನು ತಮ್ಮಲ್ಲಿ ಕೇಳುತ್ತಿಲ್ಲ. ಇಲ್ಲದ ವಿಮೆಯನ್ನು ಕೊಡಿ ಎಂದು ಕೇಳುವಷ್ಟು ಅವಿವೇಕಿ ನಾನಲ್ಲ.

ಹನ್ನೆರಡನೇ ದಿನ ಅವಳು ತಮ್ಮ ಕೇಂದ್ರಕ್ಕೆ ಬಂದಳು. ತಮ್ಮ ಬಾಗಿಲಲ್ಲೊಂದು ದಪ್ಪ ಪುಸ್ತಕವಿದೆ, ಬಂದವರೆಲ್ಲ ಹೆಸರು, ಸಮಯ, ಬಂದ ಕಾರಣ ಬರೆಯಬೇಕು. ಬರೆದು ಒಳಗೆ ಹೋದಳು. ಮೇಜಿನಲ್ಲಿದ್ದ ಹುಡುಗಿ ಮೇಘಾ ಮೊದಲ ಕಟ್ಟು ನೋಡಿ, ಇದು ಜೀವ ವಿಮೆ, ಅವರು ತೀರಿಕೊಂಡರೆ ಮಾತ್ರ ಮನೆಯವರಿಗೆ ಸಿಗುತ್ತದೆ ಎಂದಳಂತೆ. ಎರಡನೆಯದು ಬೈಕಿನದು. ಅವರು ಬೇರೆಯವರಿಗೆ ಗುದ್ದಿದ್ದರೆ ಆ ಬೇರೆಯವರಿಗೆ ಸಿಗುತ್ತದೆ, ಅವರಿಗಲ್ಲ. ಎದುರಿಗಿದ್ದದ್ದು ಕಾಡುಕೋಣ ಎಂದು ಮಾಲಾ ತಿಳಿಸಿದಾಗ, ಅದಕ್ಕೆ ಪೆಟ್ಟಾಗಿದೆಯೇ ಎಂದು ಮೇಘಾ ವಿಚಾರಿಸಿದಳು. ಇಲ್ಲವೆಂದು ತಿಳಿದು ಆ ಕಡತ ಮುಚ್ಚಿದಳು. ಮೂರನೆಯದು ಅಪಘಾತ ವಿಮೆ. ಅದನ್ನು ತಮ್ಮ ಕೊಠಡಿಗೆ ತಂದಾಗ ತಾವು ಫೋನಿನಲ್ಲಿದ್ದಿರಿ. ಒಂದು ಕೈಯಲ್ಲಿ ಫೋನು ಮುಚ್ಚಿ, ಇದು ಶಾಶ್ವತ ಊನಕ್ಕೆ ಮಾತ್ರ, ಕಾಲು ವಾಸಿಯಾಗಲಿ, ಊನ ಉಳಿದರೆ ಬನ್ನಿ ಎಂದಿರಿ.

ಮನೆಗೆ ಬಂದು ಅವಳು ಇದನ್ನೆಲ್ಲ ಹೇಳುವಾಗ ನನ್ನ ತಾಯಿ ಭರಮವ್ವ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಅವಳಿಗೆ ಅಕ್ಷರ ಬರುವುದಿಲ್ಲ. ಎಲ್ಲ ಕೇಳಿ ಒಂದೇ ಮಾತು ಹೇಳಿದಳು: "ಇವ ಸತ್ತಿದ್ರ ಅವರು ಕೊಡಬೇಕಾಗಿತ್ತು. ಉಳದಾನ. ಹಂಗಾರ ಅವರ ಮನ್ಯಾಗ ಇವತ್ತ ಕುಂದಾ ಹಂಚಿರಬೇಕಲ್ಲ."

ಈ ಎಮ್ಮೆಯ ವಿಷಯವನ್ನೂ ತಮ್ಮ ಗಮನಕ್ಕೆ ತರಬೇಕು. ಅದಕ್ಕೂ ವಿಮೆಯಿದೆ. ಅದನ್ನು ಮಾಡಿಸುವ ದಿನ ದನದ ಡಾಕ್ಟರು ಹಟ್ಟಿಯಲ್ಲಿ ನಿಂತು, ಯಾವ ರೋಗಕ್ಕೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ, ಎಷ್ಟು ದಿನದೊಳಗೆ ಯಾರಿಗೆ ಫೋನ್ ಮಾಡಬೇಕು ಎಂದು ಭರಮವ್ವನಿಗೆ ಎರಡು ಸಲ ಹೇಳಿದರು. ಅವಳಿಗೆ ಅರ್ಧ ಮರಾಠಿಯಲ್ಲೂ ಹೇಳಿದರು. ತಿರುಗಿ ಅವಳ ಬಾಯಿಂದ ಹೇಳಿಸಿ ಖಾತ್ರಿ ಮಾಡಿಕೊಂಡ ಮೇಲೆಯೇ ಎಮ್ಮೆಯ ಕಿವಿಗೆ ಬಿಲ್ಲೆ ಹಾಕಿದರು. ನನಗೆ ಇಷ್ಟು ಮರ್ಯಾದೆ ದೊರೆಯಬೇಕಾದರೆ ಕಿವಿ ಚುಚ್ಚಿಸಿಕೊಳ್ಳಲೂ ಸಿದ್ಧನಿದ್ದೆ.

ಮುಂದಿನ ಹತ್ತು ವಾರ ನಾನು ಹಾಸಿಗೆಯಲ್ಲಿ, ಮಾಲಾ ಅಂಗಡಿಯಲ್ಲಿ. ಅವಳಿಗೆ ಟೈಪಿಂಗ್ ಬಾರದು. ಝೆರಾಕ್ಸ್ ಮಾತ್ರ ಮಾಡಿ ಮನೆ ನಡೆಸಿದಳು. ಉದ್ಯಮಬಾಗದ ಕಾರ್ಖಾನೆಯವರು ಬೆಳಿಗ್ಗೆ ಬಂದು ಹೋದರೆ ಮಧ್ಯಾಹ್ನ ಗಿರಾಕಿ ಇರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅಪಘಾತ ವಿಮೆಯ ಕಟ್ಟು ಬಿಚ್ಚಿ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ವಾರಕ್ಕೊಂದು ಪುಟ ಓದಿದಳು. ಅಕ್ಷರ ಕಾಣದ ಕಡೆ ಯಂತ್ರದಲ್ಲಿ ದೊಡ್ಡದು ಮಾಡಿಕೊಂಡಳು. ತಮ್ಮ ಷರತ್ತುಗಳು ಮನುಷ್ಯರ ಕಣ್ಣಿಗೆ ಕಾಣುವ ಗಾತ್ರಕ್ಕೆ ಬಂದದ್ದು ಬಹುಶಃ ಅದೇ ಮೊದಲು. ಒಂದು ಸಂಜೆ ರೈಲಿನಿಂದಿಳಿದು ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಒಂದು ಹಾಳೆಯನ್ನು ನನ್ನ ಎದೆಯ ಮೇಲಿಟ್ಟಳು.

"ಒಂಬತ್ತನೇ ಪುಟ ಓದ್ರಿ," ಅಂದಳು. "ಊನ ಉಳಿಬೇಕಂತ ಏನೂ ಇಲ್ಲ. ಅಪಘಾತ ಆಗಿ ದುಡ್ಯಾಕ ಬರಲಾರದಂಗ ಎಷ್ಟು ವಾರ ಮಲಗ್ತಾರೋ ಅಷ್ಟು ವಾರ ಭತ್ಯೆ ಕೊಡತೇವಿ ಅಂತ ಅವರ ಬರದಾರ. ಅವರ ಬರದದ್ದನ್ನ ಅವರ ಓದಿಲ್ಲ."

ಓದಿದೆ. ಖರೇ ಹಾಗೆಯೇ ಇತ್ತು. ಇಪ್ಪತ್ತಾರು ವರ್ಷ ಅರ್ಜಿ ಬರೆದವನಿಗೆ ಆ ಕ್ಷಣ ಆದದ್ದು ಸಂತೋಷವಲ್ಲ, ನಾಚಿಕೆ. ನನ್ನ ಕಾಲಿನ ವಿಚಾರವನ್ನು ನನಗಿಂತ, ತಮಗಿಂತ, ತಮ್ಮ ಏಜೆಂಟನಿಗಿಂತ ಚೆನ್ನಾಗಿ ಬಲ್ಲವಳು ಏಳನೇ ಇಯತ್ತೆಗೆ ಸಾಲೆ ಬಿಟ್ಟ ನನ್ನ ಹೆಂಡತಿಯಾಗಿದ್ದಳು. ಸಂಜಯನಿಗೆ ಫೋನ್ ಮಾಡಿದೆ. ಅವನು ವಿಮೆ ಬಿಟ್ಟು ಸೋಲಾರ್ ಹೀಟರ್ ಮಾರುತ್ತಿದ್ದಾನಂತೆ. ಭತ್ಯೆಯ ವಿಷಯ ತನಗೂ ಯಾರೂ ಹೇಳಿರಲಿಲ್ಲ ಎಂದ. ನಂಬಿದೆ. ನಿಮ್ಮ ಛಾವಣಿಗೆ ಒಂದು ಹೀಟರ್ ಹಾಕಿಸಿಕೊಳ್ಳಿ, ಎಲ್ಲಾ ಅದರಾಗ ಐತಿ ಎಂದಾಗ ಫೋನ್ ಇಟ್ಟೆ.

ಪಟ್ಟಿ ಬಿಚ್ಚಿದ ವಾರ ಇಬ್ಬರೂ ತಮ್ಮಲ್ಲಿಗೆ ಬಂದೆವು. ಒಂಬತ್ತನೇ ಪುಟ ನೋಡಿ ತಾವು ಹನ್ನೊಂದನೇ ಪುಟ ತೆಗೆದಿರಿ. ಮೂವತ್ತು ದಿನದೊಳಗೆ ತಿಳಿಸಬೇಕೆಂಬ ಷರತ್ತು ಅಲ್ಲಿತ್ತು. ಹನ್ನೆರಡನೇ ದಿನ ಬಂದಿದ್ದಳಲ್ಲ ಎಂದೆ. ದಾಖಲೆ ಇದೆಯೇ ಎಂದಿರಿ. ಆಗ ಮಾಲಾ ಎದ್ದು ಹೋಗಿ ತಮ್ಮ ಬಾಗಿಲ ಪುಸ್ತಕವನ್ನೇ ಹೊತ್ತು ತಂದಳು. ಹಾಳೆ ತಿರುವಿ ತೋರಿಸಿದಳು. ದಿನಾಂಕ, ಸಮಯ, ಅವಳ ಸಹಿ. ಬಂದ ಕಾರಣ ಎಂಬಲ್ಲಿ ಅವಳದೇ ದುಂಡಗಿನ ಅಕ್ಷರದಲ್ಲಿ: ಗಂಡನ ಕಾಲು.

ತಿಳಿಸುವುದೆಂದರೆ ಇನ್ನೇನು, ಮಾನ್ಯರೇ? ತಮ್ಮದೇ ಪುಸ್ತಕ, ತಮ್ಮದೇ ಬಾಗಿಲು, ತಮ್ಮದೇ ಪೆನ್ನು. ಆದರೆ ಅದು ಸಂದರ್ಶಕರ ಪುಸ್ತಕ, ಕ್ಲೇಮಿನ ಪುಸ್ತಕವಲ್ಲ ಎಂಬ ಅಮೂಲ್ಯ ವ್ಯತ್ಯಾಸವನ್ನು ತಾವು ನಮಗೆ ವಿವರಿಸಿದಿರಿ. ಆಗ ಬಾಗಿಲಲ್ಲಿ ನಿಂತಿದ್ದ ಮೇಘಾ ತಗ್ಗಿದ ದನಿಯಲ್ಲಿ, "ಸರ, ಅವರು ಬಂದಿದ್ದು ಖರೇ ಐತ್ರಿ. ನಾನ ನಿಮ್ಮ ಕಡೆ ಕರಕೊಂಡ ಬಂದಿದ್ದೆ," ಅಂದಳು. ಆ ಹುಡುಗಿಗೆ ತೊಂದರೆ ಕೊಡಬೇಡಿ. ತಮ್ಮ ಕೇಂದ್ರದಲ್ಲಿ ನಮಗೆ ಸಿಕ್ಕ ಒಂದೇ ಭರವಸೆ ಅವಳು. ಹೊರಗೆ ಬರುವಾಗ ಮಾಲಾ ಅವಳ ವಿಮೆಯ ಬಗ್ಗೆ ಕೇಳಿದಳು. ತನಗೂ ಒಂದಿದೆ, ಯಾವುದೆಂದು ಗೊತ್ತಿಲ್ಲ, ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಎಂದಳು ಮೇಘಾ. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕುಳಿತು ಅದನ್ನು ಓದತೊಡಗಿದರು. ಆ ದಿನ ನಾವು ಮಧ್ಯಾಹ್ನದ ರೈಲು ತಪ್ಪಿಸಿಕೊಂಡೆವು.

ಈಗ ಗುಂಜಿಯಲ್ಲಿ ಮಹಿಳಾ ಸಂಘದವರು ವಾರಕ್ಕೊಮ್ಮೆ ನಮ್ಮ ಕಟ್ಟೆಯ ಮೇಲೆ ಸೇರುತ್ತಾರೆ. ಪೆಟ್ಟಿಗೆಯ ತಳದಿಂದ, ಅಕ್ಕಿಯ ಡಬ್ಬಿಯಿಂದ ತಂತಮ್ಮ ವಿಮೆಯ ಕಾಗದ ತರುತ್ತಾರೆ. ಮಾಲಾ ಅವರಿಗೆ ಹೇಳುವುದನ್ನು ಒಳಗಿನಿಂದ ಕೇಳಿಸಿಕೊಂಡಿದ್ದೇನೆ. "ನಾಕ ನಮೂನಿ ಅದಾವ್ರಿ. ಒಂದು, ನಾವು ಹೋದ ಮ್ಯಾಲೆ ಮನಿಯವರಿಗೆ. ಒಂದು, ದವಾಖಾನಿ ಸಲುವಾಗಿ. ಒಂದು, ಕೈಕಾಲ ಮುರದಾಗ ಒಲಿ ಆರಬಾರದಂತ. ಇನ್ನೊಂದು, ನಾವು ಮಂದಿಗೆ ಗುದ್ದಿದ್ರ ಆ ಮಂದಿಗೆ. ಯಾವುದರ ಕೆಲಸ ಯಾವುದೂ ಮಾಡೂದಿಲ್ಲ. ಎಲ್ಲಾ ಇದರಾಗ ಐತಿ ಅಂದವರನ್ನ ಒಂದು ತಾಸು ಕುಂದರಿಸಿ ಕೇಳ್ರಿ." ನಾನು ಇಪ್ಪತ್ತಾರು ವರ್ಷದಲ್ಲಿ ಟೈಪ್ ಮಾಡಿದ ಯಾವ ಅರ್ಜಿಯೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಈ ಐದಾರು ಸಾಲನ್ನು ತಮ್ಮ ಕೇಂದ್ರದ ಗೋಡೆಯ ಮೇಲೆ, ನಗುತ್ತಿರುವ ಕುಟುಂಬದ ಚಿತ್ರವಿರುವ ಜಾಗದಲ್ಲಿ ಬರೆಸಲು ತಮಗೆ ಏನು ಅಡ್ಡಿ? ಆ ಕುಟುಂಬ ಅಷ್ಟೊಂದು ನಗುತ್ತಿರುವುದು ಅವರೂ ಷರತ್ತು ಓದಿಲ್ಲವೆಂಬ ಕಾರಣಕ್ಕೇ ಇರಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹನ್ನೆರಡನೇ ದಿನದ ಆ ಹಾಳೆಯನ್ನು ಸೂಚನೆಯೆಂದು ಒಪ್ಪಿ ಹತ್ತು ವಾರದ ಭತ್ಯೆ ಕೊಡಿ. ಒಪ್ಪದಿದ್ದರೆ ಯಾವ ಕಾರಣಕ್ಕೆಂದು ಕನ್ನಡದಲ್ಲಿ, ತಮ್ಮ ಸಹಿಯೊಂದಿಗೆ ಬರೆದು ಕೊಡಿ, ನಾನು ಮೇಲಿನವರ ಬಳಿ ಹೋಗುತ್ತೇನೆ. ಮುಂದೆ ಯಾರಿಗೇ ವಿಮೆ ಮಾರಿದರೂ ಅದು ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂದು ಒಂದು ಪುಟದಲ್ಲಿ, ಅವರ ಭಾಷೆಯಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಕೊಡಿ.

ಕೊನೆಯದಾಗಿ ಒಂದು ಪೂರ್ವಸೂಚನೆ. ನಂತರ ತಡವಾಯಿತು ಎನ್ನಬಾರದೆಂದು ಈಗಲೇ ತಿಳಿಸುತ್ತಿದ್ದೇನೆ. ಬರುವ ಸೋಮವಾರ ಗುಂಜಿಯ ಹನ್ನೊಂದು ಜನ ಹೆಣ್ಣುಮಕ್ಕಳು ತಂತಮ್ಮ ಕಾಗದ ಹಿಡಿದು ಬೆಳಗಿನ ರೈಲಿಗೆ ಬರುತ್ತಿದ್ದಾರೆ. ಒಬ್ಬೊಬ್ಬರದನ್ನೂ ತಾವೇ ಓದಿ ಅರ್ಥ ಹೇಳಬೇಕೆಂದು ಅವರ ಅಪೇಕ್ಷೆ. ಹನ್ನೊಂದು ಕುರ್ಚಿ ಮತ್ತು ಕುಡಿಯುವ ನೀರು ಇರಲಿ. ಬೇಗ ಮುಗಿಸಬೇಕೆಂಬ ಆತುರ ತಮಗೆ ಬೇಡ. ರೊಟ್ಟಿ, ಝುಣಕ ಕಟ್ಟಿಕೊಂಡೇ ಬರುತ್ತಾರೆ.

ಇಂತಿ,
ಆ ಹನ್ನೊಂದು ಬುತ್ತಿಗಳನ್ನು ಹೊತ್ತು, ಕುಂಟುತ್ತ, ಹಿಂದಿನಿಂದ ಬರಲಿರುವ
ನಾಗಲಿಂಗ
ಗುಂಜಿ, ತಾಲ್ಲೂಕು ಖಾನಾಪುರ