ಡ್ರೈವರಿಗೆ ಪಕ್ಕದ ಸೀಟು

೫ ನವೆಂಬರ್ ೨೦೨೫, ಬುಧವಾರ

ವಾಕಿಂಗ್ ಹೋಗಿ ಬಂದೆ. ಕೋಗಿಲು ಕ್ರಾಸಿನಲ್ಲಿ ಹೊಸ ಡ್ರೈವರೊಬ್ಬ ಬಸ್ಸನ್ನು ಸ್ಟಾಪಿನಿಂದ ಎಷ್ಟೋ ಆಚೆ ನಿಲ್ಲಿಸಿದ. ಮುದುಕಿಯೊಬ್ಬಳು ಚೀಲ ಹೊತ್ತು ಓಡಬೇಕಾಯಿತು. ಬೈಯೋಣ ಅನ್ನಿಸಿತು. ಬೈಯಲಿಲ್ಲ. ರಿಟೈರ್ ಆದವನ ಮಾತು ಯಾರಿಗೆ ಬೇಕು.

ಹನ್ನೊಂದಕ್ಕೆ ವೆಂಕಟರಾಮಯ್ಯನವರ ಫೋನು. ನಮ್ಮ ಡಿಪೋದ ನಿವೃತ್ತರ ಸಂಘದ ಕಾರ್ಯದರ್ಶಿ. ಈ ವರ್ಷದ ಟ್ರಿಪ್ ದೇವಸ್ಥಾನಕ್ಕಲ್ಲವಂತೆ. ಮಾಕಳಿಯ ಆಚೆ ಹೊಸದಾಗಿ ತೆರೆದಿರುವ ಥೀಮ್ ಪಾರ್ಕಿಗಂತೆ. ಮೂವತ್ತನೇ ತಾರೀಕು, ಭಾನುವಾರ.

"ಜೋಡೀಲಿ ಬರ್ಬೇಕು ಫಕೀರಪ್ಪೋರೆ. ಒಬ್ರೇ ಬಂದ್ರೆ ಗೇಟಲ್ಲೇ ಇಳಿಸ್ಬಿಡ್ತೀನಿ."

ಇಲ್ಲ ಎನ್ನಲು ಬಾಯಿ ತೆರೆದೆ. ಫೋನು ಸ್ಪೀಕರಿನಲ್ಲಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತು, ಕಾಶವ್ವನ ಕೂಗು ಬಂತು: "ಎರಡು ಹೆಸರು ಬರ್ಕೊಳ್ರಿ!"

ಮುಗಿಯಿತು ಕಥೆ.

ಅದೇ ದಿನ, ಸಂಜೆ

ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ. ನನಗೆ ಬಸ್ಸು ಆಗುವುದಿಲ್ಲ.

ಸ್ಟೇರಿಂಗ್ ಕೈಯಲ್ಲಿದ್ದರೆ ಎಂಥ ಘಾಟಿಯೂ ಸೈ. ಅದೇ ಪ್ಯಾಸೆಂಜರ್ ಆಗಿ ಕೂತರೆ ಎರಡನೇ ಸ್ಟಾಪಿಗೆ ಹೊಟ್ಟೆ ತೊಳೆಸುತ್ತದೆ, ಮೂರನೆಯದಕ್ಕೆ ಬಾಯಿಗೆ ಹುಳಿ ನೀರು. ಸರ್ವೀಸ್ ಪೂರ್ತಿ ಮುಚ್ಚಿಟ್ಟೆ. ಊರಿಗೆ ಹೋಗುವಾಗ "ಡ್ರೈವರ್ ನಮ್ಮವ, ಮಾತಾಡ್ತೀನಿ" ಎಂದು ಮುಂದೆ ಹೋಗಿ ಗಾಜಿನ ಹತ್ತಿರ ನಿಲ್ಲುತ್ತಿದ್ದೆ. ರೈಲಿನಲ್ಲಿ ಹತ್ತಿದೊಡನೆ ಮೇಲಿನ ಬರ್ತು, ಮುಸುಕು. ಮದುವೆಯ ವ್ಯಾನಾದರೆ ಡ್ರೈವರನನ್ನು ಎಬ್ಬಿಸಿ ನಾನೇ ಓಡಿಸಿದ್ದೇನೆ. ಜನ ಹೊಗಳಿದರು, ಎಂಥ ಉಪಕಾರಿ ಎಂದು.

ಗೊತ್ತಿರುವವನು ಅಕ್ಬರ್ ಪಾಷಾ ಒಬ್ಬನೇ. ನನ್ನ ಕಂಡಕ್ಟರ್. ಎಲೆಕ್ಷನ್ ಡ್ಯೂಟಿಗೆ ನಮ್ಮಿಬ್ಬರನ್ನೂ ಬೇರೆ ಗಾಡಿಯಲ್ಲಿ ಸಾಗಿಸಿದಾಗ ಅವನ ಬ್ಯಾಗಿಗೇ ಕಕ್ಕಿದ್ದೆ. ಯಾವುದೋ ಮಗು ಮಾಡಿತು ಎಂದು ಡಿಪೋದಲ್ಲಿ ಹೇಳಿ ಮಾನ ಉಳಿಸಿದ, ಪುಣ್ಯಾತ್ಮ.

ಊಟದ ಹೊತ್ತಿಗೆ ಕೇಳಿದೆ, ಈ ವಯಸ್ಸಿನಲ್ಲಿ ಆ ಪಾರ್ಕು ಯಾಕೆ ಬೇಕು ನಿನಗೆ?

ಕಾಶವ್ವ ಸೌಟು ಕೆಳಗಿಟ್ಟಳು. "ಬಸ್ಸಿನಾಗ ನೀವು ಮುಂದ, ನಾ ಹಿಂದ. ಸ್ಕೂಟರ್ ಮ್ಯಾಲೂ ನೀವು ಮುಂದ, ನಾ ಹಿಂದ. ಇಷ್ಟು ವರ್ಷ ನಿಮ್ಮ ಬೆನ್ನ ನೋಡ್ಕೋತ ಬಂದೇನಿ. ಅಲ್ಲಿ ಇಬ್ಬರಿಬ್ಬರನ್ನ ಕುಂದರಿಸಿ ಒಯ್ಯೋ ಗಾಡಿ ಐತಂತ. ಒಮ್ಮೆರೆ ಬಾಜೂಕ ಕುಂತು ಹೋಗೂಣು."

ಹೌದಲ್ಲ. ಓಡುವ ಗಾಡಿಯಲ್ಲಿ ಇವಳ ಪಕ್ಕದಲ್ಲಿ ನಾನು ಕೂತೇ ಇಲ್ಲ. ಒಮ್ಮೆಯೂ.

೭ ನವೆಂಬರ್

ಮಗಳು ಸ್ಮಿತಾ ಹೆಬ್ಬಾಳದ ಕ್ಲಿನಿಕ್ಕಿನಲ್ಲಿ ಫಿಸಿಯೋ. ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸ. ಅವಳನ್ನೇ ಉಪಾಯವಾಗಿ ಕೇಳಿದೆ.

"ನಮ್ಮ ಸಂಘದಾಗ ಒಬ್ಬಂಗ ಗಾಡಿಯೊಳಗ ಕುಂತ್ರ ವಾಂತಿ ಬರ್ತೈತಂತ. ಏನ್ ಮಾಡ್ಬೇಕು?"

"ಯಾರಪ್ಪಾ ಅದು?"

"ನಿನಗ ಗೊತ್ತಿಲ್ಲ. ಹೊಸಬ."

"ರಿಟೈರ್ ಆದೋರ ಸಂಘದಲ್ಲಿ ಹೊಸಬ?"

ಮುಖ ಗಂಭೀರ ಮಾಡಿಕೊಂಡು ಪೇಪರ್ ಬಿಡಿಸಿದೆ. ಅವಳೂ ಮುಖ ಬಿಗಿಹಿಡಿದು ಹೇಳಿದಳು: "ನಿನ್ ಫ್ರೆಂಡಿಗೆ ಹೇಳು. ಕಣ್ಣು ಒಂದು ಹೇಳುತ್ತೆ, ಕಿವಿ ಒಳಗಿರೋದು ಇನ್ನೊಂದು ಹೇಳುತ್ತೆ. ಅವೆರಡೂ ಜಗಳ ಆಡಿದ್ರೆ ಹೊಟ್ಟೆ ಅನುಭವಿಸುತ್ತೆ. ಓಡಿಸೋನಿಗೆ ತಿರುವು ಬರೋದು ಮುಂಚೇನೇ ಗೊತ್ತಿರುತ್ತೆ, ಅದಕ್ಕೆ ಅವನಿಗೆ ಏನೂ ಆಗಲ್ಲ. ಎಣ್ಣೆ ತಿಂಡಿ ಬೇಡ, ಖಾಲಿ ಹೊಟ್ಟೇನೂ ಬೇಡ. ಮಧ್ಯದ ಸೀಟು. ಶುಂಠಿ ಅಗೀಬಹುದು. ಮುಖ್ಯವಾಗಿ ತಲೆ ಹಿಂದಕ್ಕೆ ಒರಗಿಸ್ಕೊಂಡು, ನೇರ, ದೂರ ನೋಡ್ತಿರ್ಬೇಕು. ಕತ್ತು ಮಾತ್ರ ತಿರುಗಿಸ್ಬಾರ್ದು. ತಿರುಗಿಸಿದ್ರೋ, ಮುಗೀತು."

"ಹೇಳ್ತೀನಿ ಅವಂಗ."

"ಪ್ರಾಕ್ಟೀಸೂ ಮಾಡ್ಬೇಕು ಅವ್ರು. ದಿನಾ ಸ್ವಲ್ಪ ಸ್ವಲ್ಪ ದೂರ ಹೋಗ್ತಾ ಹೋಗ್ತಾ ಅಭ್ಯಾಸ ಆಗುತ್ತೆ."

ಎದ್ದು ಹೋಗುವಾಗ ನನ್ನ ಭುಜ ತಟ್ಟಿದಳು. ಫ್ರೆಂಡಿಗೆ ಸೇರಬೇಕಾದ್ದು ಇರಬೇಕು.

೧೦ ನವೆಂಬರ್, ಸೋಮವಾರ

ಮೊದಲ ಪ್ರಾಕ್ಟೀಸು. ಪಾಷಾ ಜೊತೆಗೆ ಬಂದ. ಕೋಗಿಲು ಕ್ರಾಸಿನಿಂದ ಯಶವಂತಪುರದ ಬಸ್ಸು ಹತ್ತಿದೆವು. ನನ್ನದೇ ಹಳೆಯ ರೂಟು. ಒಂದೊಂದು ಹಂಪೂ ನನಗೆ ಪರಿಚಯ.

ಪರಿಚಯ ಇದ್ದು ಏನು ಬಂತು. ಡ್ರೈವರ್ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾನೆ, ಬೇಕಾದಾಗ ಬ್ರೇಕ್ ಹಾಕುವುದಿಲ್ಲ, ಬೇಡದಾಗ ಹಾಕುತ್ತಾನೆ. ನನ್ನ ಬಲಗಾಲು ಖಾಲಿ ನೆಲ ಒತ್ತುತ್ತಲೇ ಇತ್ತು.

"ಫಕೀರಣ್ಣ, ಅವ್ನ ಗಾಡಿ ನೀನ್ ಓಡಿಸ್ಬೇಡ. ಆರಾಮಾಗಿ ಕೂತ್ಕೋ ಗುರು."

ಅಲ್ಲಾಳಸಂದ್ರದಲ್ಲಿ ಇಳಿದುಬಿಟ್ಟೆವು. ಮರದ ಬುಡದಲ್ಲಿ ನಾನು, ಬೆನ್ನು ನೀವುತ್ತಾ ಪಾಷಾ. ಯಾರೋ ಹೆಂಗಸು "ಬೆಳಗ್ಗೇನೇ ಕುಡ್ದವ್ರೆ" ಎಂದು ಬೈದು ಹೋದಳು. ಪಾಷಾ ಅವಳಿಗೆ ಕೈ ಮುಗಿದ, "ಬುದ್ಧಿ ಹೇಳ್ತೀನಿ ಅಮ್ಮಾ, ಕೇಳಲ್ಲ ಇವ್ನು." ಹಾಳಾದವನು.

೧೩ ನವೆಂಬರ್

ಇವತ್ತು ಕೊಡಿಗೇಹಳ್ಳಿ ಗೇಟ್ ತನಕ. ಶುಂಠಿ ಪರವಾಗಿಲ್ಲ. ನಿಂಬೆಹಣ್ಣು ಮೂಸಬೇಕು ಎಂದು ಪಾಷಾ. ಮೂಸಿದೆ. ಇನ್ನು ನಿಂಬೆಹಣ್ಣು ಕಂಡರೂ ವಾಕರಿಕೆ.

೧೭ ನವೆಂಬರ್

ಹೆಬ್ಬಾಳ ಫ್ಲೈಓವರಿನ ತಿರುವು... ಬೇಡ, ಬರೆಯುವುದಿಲ್ಲ.

೨೦ ನವೆಂಬರ್, ಗುರುವಾರ

ಕೈಚೆಲ್ಲಿದೆ. ಮೂವತ್ತನೇ ತಾರೀಕು ಇಡೀ ಡಿಪೋ ಅಲ್ಲಿರುತ್ತದೆ. ಮುನಿನಾರಾಯಣಪ್ಪನಂಥವನ ಕಣ್ಣಿಗೆ ಬಿದ್ದರೆ ಸಾಯುವ ತನಕ ಆಡಿಕೊಳ್ಳುತ್ತಾನೆ. ಕಾಶವ್ವನಿಗೆ ಹೇಳಿದೆ, ಮೊಣಕಾಲು ಬಹಳ ನೋಯುತ್ತಿದೆ, ಪಾರ್ಕಿಗೆ ನೀನು ಹೋಗಿ ಬಾ.

ಬೈಯುತ್ತಾಳೆ ಎಂದು ಕಾದೆ. ಇವಳ ಬಾಯಿ ನಮ್ಮ ಬೀದಿಗೇ ಗೊತ್ತು. ತರಕಾರಿಯವನು ನಮ್ಮ ಮನೆಯ ಮುಂದೆ ತಾನಾಗಿಯೇ ದರ ಇಳಿಸುತ್ತಾನೆ.

ಬೈಯಲಿಲ್ಲ. "ಹೋಗ್ಲಿ ಬಿಡ್ರಿ" ಎಂದಳು. ಹೊರಗಿಟ್ಟಿದ್ದ ಇಳಕಲ್ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕಿದಳು. ಎಣ್ಣೆ ಬಿಸಿ ಮಾಡಿ ತಂದು ಕೆಳಗೆ ಕೂತು ನನ್ನ ಮೊಣಕಾಲು ತಿಕ್ಕಿದಳು. ಏನೂ ಆಗಿಲ್ಲದ ಮೊಣಕಾಲು.

೨೧ ನವೆಂಬರ್

ಬೆಳಿಗ್ಗೆ ಎದ್ದವನೇ ಹೇಳಿದೆ, ನೋವು ಹೋಯಿತು, ಸೀರೆ ತೆಗೆ ಹೊರಗೆ.

"ಒಂದ ರಾತ್ರ್ಯಾಗ ಹೋತ?"

"ನಿನ್ನ ಕೈಗುಣ."

ನಕ್ಕಳು. ನಂಬಿದಳೋ ಇಲ್ಲವೋ. ಆಗಲಿ ಹೋಗಲಿ, ಅವಳ ಪಕ್ಕದಲ್ಲಿ ಕೂರುತ್ತೇನೆ. ಆ ಗಾಡಿ ಓಡುವುದು ಎರಡೇ ನಿಮಿಷವಂತೆ. ಅಷ್ಟು ಹೊತ್ತು ನೇರ ನೋಡಲಾಗದೆ? ಬದುಕೆಲ್ಲ ಮಾಡಿದ್ದು ಅದನ್ನೇ.

೨೭ ನವೆಂಬರ್

ಯಶವಂತಪುರ ಮುಟ್ಟಿದೆ! ತಲೆ ಒರಗಿಸಿ, ಮುಂದಿನ ಗಾಜಿನಾಚೆ ಕಣ್ಣು ನೆಟ್ಟು, ಕತ್ತು ಅಲ್ಲಾಡಿಸದೆ. ಪಕ್ಕದಲ್ಲಿ ಪಾಷಾ ಏನೇನೋ ತಮಾಷೆ ಮಾಡಿದ, ತಿರುಗಿ ನೋಡಲಿಲ್ಲ. ಇಳಿದ ಮೇಲೆ ಇಬ್ಬರೂ ಬೈಟು ಕಾಫಿ ಕುಡಿದೆವು. ಪಾಷಾ ನನ್ನನ್ನು ಅಪ್ಪಿಕೊಂಡ. ಸೇಫ್ಟಿ ಮೆಡಲ್ ಸಿಕ್ಕ ದಿನವೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

೩೦ ನವೆಂಬರ್, ಭಾನುವಾರ, ರಾತ್ರಿ ಎಂಟು

ಎಲ್ಲ ಬರೆದೇ ಮಲಗಬೇಕು.

ಸಂಘದ ಬಸ್ಸಿನಲ್ಲಿ ಎಂದಿನಂತೆ ಹೆಂಗಸರೆಲ್ಲ ಮುಂದೆ, ಗಂಡಸರೆಲ್ಲ ಹಿಂದೆ. ಓಡಿಸಿದವನು ಸುಬ್ರಮಣಿ, ಇನ್ನೂ ಸರ್ವೀಸಿನಲ್ಲಿದ್ದಾನೆ. ನಾನು ಅವನ ಹತ್ತಿರ ಗಾಜಿನ ಬಳಿ ನಿಂತುಬಿಟ್ಟೆ. ಬೆಳಿಗ್ಗೆ ಎರಡೇ ಇಡ್ಲಿ. ವಡೆಯ ಕಡೆ ನೋಡಲೂ ಇಲ್ಲ. ಸ್ಮಿತಾ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ, ಶುಂಠಿ ಕೆನ್ನೆಯಲ್ಲಿ.

ಕಾಶವ್ವ ಸೀದಾ ಆ ರೋಲರ್ ಕೋಸ್ಟರಿನ ಕ್ಯೂಗೇ ನಡೆದಳು. ಇಳಕಲ್ ಸೀರೆ, ಸೆರಗು ಬಿಗಿದು ಸೊಂಟಕ್ಕೆ. ಗಾಡಿ ಹತ್ತಿಸುವ ಹುಡುಗಿ ಕೇಳಿದಳು, "ಅಂಕಲ್, ಬಿಪಿ, ಹಾರ್ಟ್ ಪ್ರಾಬ್ಲಂ ಏನಾದ್ರೂ ಇದ್ಯಾ?" ಇಲ್ಲ ಎಂದೆ. ಅವಳು ಕೇಳದ ಇನ್ನೊಂದನ್ನು ನಾನೂ ಹೇಳಲಿಲ್ಲ. ಮಧ್ಯದ ಸೀಟು ಸಿಕ್ಕಿತು. ಎಡಕ್ಕೆ ಕಾಶವ್ವ, ಬಲಕ್ಕೆ ನಾನು. ಅವಳ ಭುಜ ನನ್ನ ಭುಜಕ್ಕೆ ತಾಗಿತು. ಈ ವಯಸ್ಸಿನಲ್ಲಿ ನಾಚಿಕೆಯಾಯಿತು, ನಿಜ ಹೇಳಬೇಕೆಂದರೆ.

ಗಾಡಿ ಕಟಕಟ ಎನ್ನುತ್ತಾ ಮೇಲೇರಿತು. ತಲೆ ಒರಗಿಸಿದೆ. ದೂರದಲ್ಲಿ ತುಮಕೂರು ರಸ್ತೆ, ಅದರಾಚೆ ಒಂದು ನೀರಿನ ಟ್ಯಾಂಕು. ಅದರ ಮೇಲೆ ಕಣ್ಣು ನೆಟ್ಟೆ. ಆಮೇಲೆ ಬಿಟ್ಟರು ನೋಡಿ ಕೆಳಕ್ಕೆ! ಬಲಗಾಲು ಬ್ರೇಕ್ ಒತ್ತಿತು, ಬ್ರೇಕ್ ಎಲ್ಲಿದೆ. ಹಿಂದೆ ಪಾಷಾ "ಯಾ ಅಲ್ಲಾ" ಎಂದು ಕೂಗುತ್ತಿದ್ದ. ಮುಂದೆ ಮುನಿನಾರಾಯಣಪ್ಪ ತಾಯಿಯನ್ನು ಕರೆಯುತ್ತಿದ್ದ. ಮೊದಲ ತಿರುವು ಗೆದ್ದೆ. ಎರಡನೆಯದೂ. ಹೊಟ್ಟೆ ತನ್ನ ಜಾಗದಲ್ಲೇ ಇತ್ತು.

ಆಗ ಗಮನಕ್ಕೆ ಬಂತು, ಪಕ್ಕದಿಂದ ಸದ್ದೇ ಇಲ್ಲ.

ಸರ್ವೀಸಿನಲ್ಲಿದ್ದಾಗ ಬಸ್ಸು ತುಂಬ ಜನ ಗಲಾಟೆ ಮಾಡುತ್ತಿದ್ದರೆ ನನಗೆ ಯಾವತ್ತೂ ಚಿಂತೆಯಿರಲಿಲ್ಲ. ಗಲಾಟೆ ತಟ್ಟನೆ ನಿಂತರೆ ಕನ್ನಡಿ ನೋಡುತ್ತಿದ್ದೆ, ಯಾರಿಗೋ ಏನೋ ಆಗಿರುತ್ತಿತ್ತು. ಇಲ್ಲಿ ಕನ್ನಡಿ ಇಲ್ಲ. ಜಿರಲೆ ಕಂಡರೆ ಬೀದಿಗೆ ಕೇಳುವಂತೆ ಚೀರುವ ಕಾಶವ್ವ ಇಷ್ಟು ಎತ್ತರದಿಂದ ಬೀಳುತ್ತಾ ಸುಮ್ಮನಿದ್ದಾಳೆ ಎಂದರೆ... ಟ್ಯಾಂಕು ಹಾಳಾಗಲಿ ಎಂದು ತಿರುಗಿಯೇಬಿಟ್ಟೆ.

ಕರ್ಚೀಫನ್ನು ಪೂರ್ತಿ ಬಾಯಿಗೆ ತುರುಕಿಕೊಂಡಿದ್ದಾಳೆ. ಕೆನ್ನೆ ಉಬ್ಬಿದೆ, ಕಣ್ಣಲ್ಲಿ ನೀರು, ಕೂದಲೆಲ್ಲ ಬಿಚ್ಚಿ ಹಾರುತ್ತಿದೆ, ಮೈಯೆಲ್ಲ ನಗು. ನನ್ನನ್ನೇ ನೋಡುತ್ತಿದ್ದಾಳೆ. ನಾನು ತಿರುಗಿದ್ದು ಕಂಡು ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು, ಮುಂದೆ ನೋಡಿ ಎಂದು ಬೆರಳು ತೋರಿಸಿದಳು.

ಮುಂದೆ ನೋಡಲಿಲ್ಲ. ಎಷ್ಟು ಚೆಂದ ಕಾಣುತ್ತಿದ್ದಳು ಎಂದರೆ, ಉಳಿದ ತಿರುವುಗಳನ್ನೆಲ್ಲ ಅವಳ ಮುಖ ನೋಡುತ್ತಲೇ ಕಳೆದೆ. ಗೊತ್ತಿದ್ದೂ ಕಳೆದೆ.

ಇಳಿದು ಕಂಬಿಯ ತನಕ ಬಂದೆ, ಅಷ್ಟೇ. ಎರಡು ಇಡ್ಲಿ, ಮಾತ್ರೆ, ಶುಂಠಿ, ಎಲ್ಲವೂ ಹೊರಗೆ. ಇಡೀ ಡಿಪೋದ ಎದುರು. ಕಾಶವ್ವ ಒಂದು ಕೈಯಿಂದ ನನ್ನ ಹಣೆ ಹಿಡಿದುಕೊಂಡಳು, ಇನ್ನೊಂದರಿಂದ ಬೆನ್ನು. ಹಿಂದಿನಿಂದ ಮುನಿನಾರಾಯಣಪ್ಪನ ದನಿ: "ಏನ್ ಗುರು ಇದು! ಡ್ರೈವರ್‌ಗೇ ವಾಂತೀನಾ?" ಎಲ್ಲರೂ ನಕ್ಕರು. ಪಾಷಾ "ಬೆಳಗ್ಗೆ ವಡೆ ಸರಿ ಇರ್ಲಿಲ್ಲ ಕಣ್ರಪ್ಪ" ಎಂದು ಹಳೆಯ ಅಭ್ಯಾಸದಂತೆ ಶುರುಮಾಡಿದ.

ಕಾಶವ್ವನಿಗೆ ಇಷ್ಟು ಹೊತ್ತು ಕಟ್ಟಿಟ್ಟಿದ್ದ ಬಾಯಿ ಬಿಚ್ಚಿತು. "ನೀವು ಅವ್ವನ್ನ ಕರಿಯೂದು ನಮಗ ಕೇಳ್ಸೇತಿ, ಮುನಿನಾರಾಯಣಪ್ಪನವರ. ನಗಬ್ಯಾಡ್ರಿ."

ಈಗ ಅವನ ಮೇಲೆ ನಕ್ಕರು. ನನಗೂ ನಗು ಬಂತು. ನಾಚಿಕೆಯೆಲ್ಲ ಎಲ್ಲಿ ಹೋಯಿತೋ ತಿಳಿಯದು.

ಬೆಂಚಿನ ಮೇಲೆ ಕೂತು ಕೇಳಿದೆ, ಯಾಕೆ ಚೀರಲಿಲ್ಲ ನೀನು?

"ಸ್ಮಿತಾ ಹೇಳಿದ್ಲು, 'ನೀ ಚೀರಿದ್ರ ಅಪ್ಪ ತಿರುಗಿ ನೋಡ್ತಾನ, ತಿರುಗಿದ್ರ ವಾಂತಿ ಆಗ್ತೈತಿ' ಅಂತ. ಬಾಯಾಗ ಅರಿಬಿ ತುರ್ಕೊಂಡು ಕುಂತೆ." ನನ್ನ ಮೀಸೆ ಒರೆಸಿದಳು. "ಅಲ್ರೀ, ಸುಮ್ಮನಿದ್ರೂ ತಿರುಗ್ತೀರಲ್ಲ. ನಾ ಏನ್ ಮಾಡ್ಲಿ?"

೭ ಡಿಸೆಂಬರ್, ಭಾನುವಾರ, ಬಸ್ಸಿನಲ್ಲಿ

ಯಶವಂತಪುರದ ಮಂಡಿಗೆ ಹೊರಟಿದ್ದೇವೆ, ಒಣಮೆಣಸಿನಕಾಯಿ ತರಲು. ಸ್ಕೂಟರ್ ಬೇಡ ಎಂದಳು. ಹೆಂಗಸರ ಸೀಟು ಮುಗಿಯುವಲ್ಲಿ ಇಬ್ಬರು ಕೂರುವ ಸೀಟು ಸಿಕ್ಕಿದೆ. ಕಿಟಕಿ ಅವಳದು. ಮಡಿಲಲ್ಲಿ ಪ್ಲಾಸ್ಟಿಕ್ ಕವರ್ ಬಿಡಿಸಿಟ್ಟುಕೊಂಡೇ ಕೂತಿದ್ದಾಳೆ. ಕಂಡಕ್ಟರ್ ನೋಡಿದ. ನೋಡಲಿ.

ಓಡುವ ಬಸ್ಸಿನಲ್ಲಿ ತಲೆ ತಗ್ಗಿಸಿ ಬರೆಯಲೇಬಾರದು. ಗೊತ್ತು. ಆದರೆ ಹೀಗೆ ಕೂತಿದ್ದೇನೆ ಎಂದು ಇಲ್ಲಿಂದಲೇ ಒಂದು ಸಾಲು ಬರೆಯಬೇಕು ಅನ್ನಿಸಿತು.

ಕೊಡಿಗೇಹಳ್ಳಿ ಗೇಟ್ ದಾಟಿತು. ಶುರುವಾಗಿದೆ, ಸ್ವಲ್ಪ. ಕಾಶವ್ವ ಹತ್ತಿದಾಗಿನಿಂದ ಬಾಯಿ ಮುಚ್ಚಿಲ್ಲ. ಯಾರ ಮಗಳ ಸೀಮಂತ, ಯಾರ ಮನೆಯ ಮೋಟಾರು ಸುಟ್ಟಿತು. ಹೆಬ್ಬಾಳದ ಕೆರೆ ಬಂತು. ಈಗ ತೋಳು ಹಿಡಿದು ಅಲ್ಲಾಡಿಸುತ್ತಿದ್ದಾಳೆ.

"ಇತ್ಲಾಗ ನೋಡ್ರೀ, ನೀರಾಗ ಹಕ್ಕಿ ಎಷ್ಟ್ ದೊಡ್ಡು ಅದಾವ! ಲಗೂನ ನೋಡ್ರೀ!"

ಪೆನ್ನು ಮುಚ್ಚಿ ಮುಂದಿನ ಗಾಜು ನೋಡಬೇಕು. ತಿರುಗಬಾರದು. ಆದರೆ ಅವಳು ಇಷ್ಟು ಕರೆಯುವಾಗ ನಾನು...