ಕರಡಿ ಅಜ್ಜಿಯ ಬನ್ನು

ಸೆಪ್ಟೆಂಬರ್ 8, ಭಾನುವಾರ. ಮಧ್ಯಾಹ್ನ

ಮೊದಲ ಆರಾಧನೆ ಮುಗಿಸಿ ಮನೆಗೆ ಬಂದಾಗ ಇವರು ಇನ್ನೂ ಲುಂಗಿಯಲ್ಲೇ ಇದ್ದರು. ಕಾಫಿ ಕೊಟ್ಟೆ. "ಇವತ್ತು ಪಾಸ್ಟರ್ ಏನು ಹೇಳಿದ್ರು?" ಅಂತ, ಒಂದೂವರೆ ವರ್ಷದಿಂದ ಎಂದಿನ ಪ್ರಶ್ನೆ. ನಾಲಿಗೆಗೆ ಕಡಿವಾಣ ಹಾಕುವ ವಿಷಯ — ಪೂರ್ತಿ ಹೇಳಿದೆ. ಪಾಸ್ಟರಿಗೆ ಗಂಟಲು ಕಟ್ಟಿತ್ತು, ಪಾಪ, ಆದರೂ ಬಿಡಲಿಲ್ಲ. ಮುಂಚೆಯೇ ಗೊತ್ತಿದ್ದರೆ ಎರಡನೇ ಆರಾಧನೆಯಲ್ಲಿ ಗಮನ ಕೊಟ್ಟು ಕೇಳಬಹುದಂತೆ ಇವರಿಗೆ. ಇಷ್ಟು ವರ್ಷಕ್ಕೆ ಪ್ರಸಂಗದ ಮೇಲೆ ಆಸಕ್ತಿ ಬಂತಲ್ಲ, ದೇವರು ದೊಡ್ಡವನು.

ಮೊಮ್ಮಗಳು ಬಟಾಣಿಯನ್ನು ಕರೆದುಕೊಂಡು ಹೊರಟರು. ಒಂದು ಗಂಟೆಗೆ ವಾಪಸ್. ಬಟಾಣಿಯ ಫ್ರಾಕಿನ ಜೇಬಲ್ಲಿ ಪಾಪ್‌ಕಾರ್ನ್ ಚೂರು. ಚರ್ಚ್ ಗೇಟಿನ ಹತ್ತಿರ ಕೊಡಿಸಿದ್ದಂತೆ. ಊಟಕ್ಕೆ ಮುಂಚೆ ಅದೆಲ್ಲ ಯಾಕೆ ಅಂತ ಬೈದೆ. ಊಟ ಮಾಡುತ್ತಾ ಇವರು ನಾಲಿಗೆಯ ಬಗ್ಗೆ ಎರಡು ಮಾತು ಹೇಳಿದರು. ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ಸಭೆಯ ಮಾಸಪತ್ರಿಕೆಯ ಸಂಪಾದಕರ ಫೋನ್. ಶುಕ್ರವಾರ ಬಿಡುಗಡೆಯಾದ ಕರಡಿ ಕಾರ್ಟೂನ್ ಸಿನಿಮಾ ಬಗ್ಗೆ ಮನೆಮನೆಯಿಂದ ಕೇಳುತ್ತಿದ್ದಾರೆ, ಈ ಸಲದ "ಮನೆಮಂದಿ ನೋಡಬಹುದೇ?" ಅಂಕಣಕ್ಕೆ ಅದನ್ನೇ ಬರೆಯಿರಿ ಅಂದರು. ಇಪ್ಪತ್ತೈದಕ್ಕೆ ಬೇಕು. ನನ್ನ ತೀರ್ಪು ಬರುವ ತನಕ ಮಕ್ಕಳನ್ನು ಕಳಿಸಲ್ಲ ಅಂತ ಎಷ್ಟೋ ತಾಯಂದಿರು ಹೇಳಿದ್ದಾರಂತೆ. ಹೊಗಳಿಕೆ ಅಂತ ಗೊತ್ತು. ಆದರೂ ಹಿತವಾಯಿತು.

ಸೆ. 10, ಮಂಗಳವಾರ

ಒಬ್ಬಳೇ ಹೋಗಿ ನೋಡಿದೆ. ಥಿಯೇಟರಿನಲ್ಲಿ ನಾನು, ನಾಲ್ಕು ಜನ ಕಾಲೇಜು ಹುಡುಗರು, ಮತ್ತೆ ಎ.ಸಿ. ಚಳಿಗೆ ಸೆರಗು ಕಿವಿ ತನಕ.

ಕಥೆ ಇಷ್ಟು. ಕಾಡಿನಲ್ಲಿ ಒಬ್ಬಳು ಕರಡಿ ಅಜ್ಜಿ. ದಿನಾ ಬೆಳಗ್ಗೆ ಬನ್ನು ಸುಟ್ಟು ಎಲ್ಲರಿಗೂ ಹಂಚುತ್ತಾಳೆ. ಬನ್ನು ಕಲ್ಲಿನಂಥದ್ದು. ಎಲ್ಲರೂ ಬಾಯಿ ತುಂಬಾ ಹೊಗಳಿ ತೆಗೆದುಕೊಂಡು, ಹಿಂದೆ ಹೋಗಿ ಹೊಳೆಗೆ ಎಸೆಯುತ್ತಾರೆ. ಮೊಮ್ಮಗಳು ಮರಿಕರಡಿಗೂ ಗೊತ್ತು. ಅಜ್ಜಿಗೆ ಮಾತ್ರ ಗೊತ್ತಿಲ್ಲ. ಕೊನೆಗೆ ಪ್ರವಾಹ ಬರುತ್ತದೆ, ಹೊಳೆಯಲ್ಲಿ ರಾಶಿ ಬಿದ್ದಿದ್ದ ಬನ್ನುಗಳೇ ಒಡ್ಡಿನ ಹಾಗೆ ನಿಂತು ಕಾಡನ್ನು ಉಳಿಸುತ್ತವೆ. ಗುಟ್ಟು ರಟ್ಟಾಗುತ್ತದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಎಲ್ಲರೂ ಅಪ್ಪಿಕೊಳ್ಳುತ್ತಾರೆ.

ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರೂ ಬಂತು.

ಆಕ್ಷೇಪ ಏನಿದೆ? ನಕ್ಷತ್ರ ನೋಡಿ ಭವಿಷ್ಯ ಹೇಳುವ ಒಂದು ಹೆಗ್ಗಣ. ಎರಡೇ ನಿಮಿಷ, ಅದು ಹೇಳಿದ್ದೆಲ್ಲ ತಪ್ಪಾಗುತ್ತದೆ, ಇರಲಿ. ಊಟಕ್ಕೆ ಮುಂಚೆ ತಲೆ ತಗ್ಗಿಸುತ್ತಾರೆ, ಯಾರ ಮುಂದೆ ಅಂತ ಹೇಳುವುದಿಲ್ಲ. ಅದೂ ಇರಲಿ. ಉಳಿದಿದ್ದು ಒಂದು: ಎಲ್ಲರೂ ಸೇರಿ ಒಬ್ಬಳಿಗೆ ಸುಳ್ಳು ಹೇಳುವುದು. ಆದರೆ ಪ್ರೀತಿಯಿಂದ ತಾನೇ? ಮನಸ್ಸು "ನೋಡಬಹುದು" ಅನ್ನುವ ಕಡೆಗೇ ಇದೆ.

ಆದರೂ ನಿಯಮ ನಿಯಮವೇ. ಮೊದಲ ಸಲ ಪರದೆ ನೋಡಬೇಕು, ಎರಡನೇ ಸಲ ಪಕ್ಕದಲ್ಲಿ ಕೂತ ಮಗುವಿನ ಮುಖ. ಅಂಕಣದ ತಲೆಯ ಮೇಲೆ ಪ್ರತಿ ತಿಂಗಳೂ ಅಚ್ಚಾಗುವ ಸಾಲು ನನ್ನದೇ — ಮಗುವಿನ ಮುಖ ಸುಳ್ಳು ಹೇಳುವುದಿಲ್ಲ. ಎಲ್ಲಿ ಹೆದರಿತು, ಎಲ್ಲಿ ಕೆಟ್ಟದ್ದಕ್ಕೆ ನಕ್ಕಿತು, ಅಲ್ಲಿ ಗೊತ್ತಾಗುತ್ತದೆ. ಶನಿವಾರ ಬಟಾಣಿಯ ಜೊತೆ.

ಸೆ. 14, ಶನಿವಾರ. ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೆಗ್ಗಣ ಜಾರಿ ಬೀಳುವುದಕ್ಕೆ ಮುಂಚೆಯೇ ಬಟಾಣಿ ನಕ್ಕಳು. ಮೊದಲು ನಕ್ಕಳು, ಆಮೇಲೆ ಅದು ಬಿತ್ತು. ಕಾಕತಾಳೀಯ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮರಿಕರಡಿಯ ಹಾಡು ಬಂತು, ಬಟಾಣಿಯ ತುಟಿ ಅಲ್ಲಾಡುತ್ತಿತ್ತು. ಒಂದು ಪದವೂ ತಪ್ಪಿಲ್ಲ.

ಆಮೇಲೆ ಪ್ರವಾಹ. ಪರದೆಯ ತುಂಬಾ ನೀರು. ಬಟಾಣಿ ಮೊದಲು ವಾರೆಗಣ್ಣಿನಲ್ಲಿ ನನ್ನ ಕಡೆ ನೋಡಿದಳು. ನಾನು ನೋಡುತ್ತಿದ್ದೇನೆ ಅಂತ ಖಾತ್ರಿ ಮಾಡಿಕೊಂಡಳು. ಆಮೇಲೆ ಕಣ್ಣು ಅಗಲ ಮಾಡಿ, ಬಾಯಿಗೆ ಕೈ ಇಟ್ಟು, ಹೆದರಿದಳು.

ಆ ಮುಖ ನನಗೆ ಗೊತ್ತು. ಹೋದ ತಿಂಗಳು ಡ್ರ್ಯಾಗನ್ ಸಿನಿಮಾದಲ್ಲಿ ನೋಡಿದ್ದೇನೆ. ಅದಕ್ಕೂ ಹಿಂದೆ ಮೀನಿನ ಸಿನಿಮಾದಲ್ಲಿ. "ಮಗು ಈ ದೃಶ್ಯದಲ್ಲಿ ಬೆಚ್ಚಿತು, ಚಿಕ್ಕವರಿಗೆ ಬೇಡ" ಅಂತ ಅದರ ಮೇಲೆ ತೀರ್ಪು ಬರೆದಿದ್ದೇನೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ಮೆಲ್ಲಗೆ ಕೇಳಿದೆ. ಬೈಯಲಿಲ್ಲ. ಬೈದಿದ್ದರೆ ಹೇಳುತ್ತಿರಲಿಲ್ಲ.

"ಎಲ್ಲಾನೂ ಮೊದಲು ತಾತನ ಜೊತೆ ನೋಡೋದು. ಭಾನುವಾರ. ಆಮೇಲೆ ಅಜ್ಜಿ ಜೊತೆ ಹೋದಾಗ ಹೊಸದು ಥರ ನೋಡ್ಬೇಕು" ಅಂದಳು. ಪಾಠ ಒಪ್ಪಿಸಿದ ಹಾಗೆ. ಸ್ವಲ್ಪ ತಡೆದು ಕೇಳಿದಳು, "ನಾನು ಸರಿಯಾಗಿ ಮಾಡ್ಲಿಲ್ವಾ ಅಜ್ಜಿ?"



ಸೆ. 15, ಭಾನುವಾರ. ಬೆಳಗ್ಗೆ ಹತ್ತು

ಇವತ್ತು ಮೊದಲ ಆರಾಧನೆಯಲ್ಲಿ ಏನು ಕೇಳಿದೆನೋ ಒಂದೂ ತಲೆಗೆ ಹೋಗಲಿಲ್ಲ. ಹೊರಗೆ ಬರುವಾಗ ಪಾಸ್ಟರೇ ನಿಲ್ಲಿಸಿ ಗಂಟಲು ಸರಿಹೋಯಿತು ಅಂದರು. ಹೋದ ವಾರ ಎರಡನೇ ಆರಾಧನೆಗೆ ಧ್ವನಿಯೇ ಹೊರಡಲಿಲ್ಲವಂತೆ, ಬೇರೆ ಊರಿಂದ ಬಂದಿದ್ದ ಅತಿಥಿ ಬೈಬಲಿನ ಗೋಧಿ-ಕಳೆಯ ಕಥೆಯ ಬಗ್ಗೆ ಪ್ರಸಂಗ ಮಾಡಿದರಂತೆ.

ಗೋಧಿ, ಕಳೆ. ನಾಲಿಗೆ ಅಲ್ಲ.

ಮನೆಗೆ ಬಂದೆ. ಕಾಫಿ ಕೊಟ್ಟೆ. "ಇವತ್ತು ಏನು ಹೇಳಿದ್ರು?" ಅಂತ ಕೇಳಿದರು. ಎಷ್ಟು ಸಲೀಸಾಗಿ ಕೇಳಿದರು! ನಾನು ಬೆಳಗ್ಗೆ ಬೇಯಿಸಿದ್ದನ್ನೇ ಮಧ್ಯಾಹ್ನ ನನಗೆ ಬಡಿಸಿದ್ದಾರೆ, ಒಂದೂವರೆ ವರ್ಷ. ನಾನು ಚಪ್ಪರಿಸಿಕೊಂಡು ತಿಂದಿದ್ದೇನೆ.

"ನೀವೇ ಹೇಳಿ, ಹೋದ ವಾರ ಗೋಧಿ ಬಗ್ಗೆ ಏನು ಹೇಳಿದ್ರು?" ಅಂದೆ.

ಲೋಟ ಕೆಳಗಿಟ್ಟರು. ಸುಳ್ಳು ಹೇಳಲು ಪ್ರಯತ್ನವನ್ನೂ ಮಾಡಲಿಲ್ಲ, ಅಷ್ಟರಮಟ್ಟಿಗೆ ಮರ್ಯಾದೆ. ಮೊದಲು ತಮಾಷೆ ಮಾಡಲು ನೋಡಿದರು — ನಾನು ಬೇಡ ಅಂದ ಸಿನಿಮಾಗಳೇ ಚೆನ್ನಾಗಿರುತ್ತವಂತೆ, ಅಂಕಣ ನೋಡಿಕೊಂಡೇ ಟಿಕೆಟ್ ತೆಗೆಯಬಹುದಂತೆ. ನಾನು ನಗಲಿಲ್ಲ. ಆಮೇಲೆ ಗಂಭೀರವಾಗಿ ಹೇಳಿದರು.

"ನಿನ್ನ ಜೊತೆ ಬಂದ್ರೆ ಅವಳು ನಗಲ್ಲ ಕಣೇ. ನೀನು ಸಿನಿಮಾ ನೋಡಲ್ಲ, ಅವಳ ಮುಖಾನೇ ನೋಡ್ತಿರ್ತೀಯ. ನೀನು ಹಾಗೆ ನೋಡ್ತಿದ್ರೆ ಯಾವ ಮಗು ನಗುತ್ತೆ? ಒಂದು ಸಲನಾದ್ರೂ ಆರಾಮಾಗಿ ನೋಡ್ಲಿ ಅಂತ ಕರ್ಕೊಂಡು ಹೋದೆ."

ಅಂದರೆ ತಪ್ಪು ನನ್ನದು. ಚೆನ್ನಾಗಿದೆ.

ಸಿನಿಮಾ ನೋಡಲಿ, ನಗಲಿ. ಮನೆಯಲ್ಲಿ ಟಿ.ವಿ. ಇಲ್ಲವೇ, ಶನಿವಾರ ಇಲ್ಲವೇ? ದೇವರ ಹೊತ್ತಿನಲ್ಲೇ ಆಗಬೇಕಿತ್ತಾ? ಹೋಗಲಿ, ಅದನ್ನು ದೇವರೂ ಇವರೂ ಬಗೆಹರಿಸಿಕೊಳ್ಳಲಿ. ಏಳು ವರ್ಷದ ಮಗುವಿಗೆ ಆಶ್ಚರ್ಯಪಡುವುದನ್ನು ಹೇಳಿಕೊಟ್ಟರಲ್ಲ, ಅದನ್ನು ಕೇಳಿದೆ. ಅದಕ್ಕೆ ಇವರು, "ಅದು ನಾನಲ್ಲ" ಅಂದರು. ಮೇಲೆ ನೋಡಿದರು.

ಮೇಲೆ ಮಹಡಿಯಲ್ಲಿ ಮಗಳ ಮನೆ.

ಅದೇ ದಿನ, ಸಂಜೆ

ಮಗಳು ಇಳಿದು ಬಂದಳು. ಅಪ್ಪ ಆಗಲೇ ಫೋನ್ ಮಾಡಿದ್ದಾರೆ, ಮುಖದಲ್ಲೇ ಗೊತ್ತಾಯಿತು. ಹುರುಳಿಕಾಯಿ ಬಿಡಿಸುತ್ತಿದ್ದೆ. ಅವಳೂ ಕೂತು ನಾರು ತೆಗೆಯತೊಡಗಿದಳು. ಅವಳ ಅಭ್ಯಾಸ ಅದು, ಏನಾದರೂ ಒಪ್ಪಿಕೊಳ್ಳುವಾಗ ಕೈಗೆ ಕೆಲಸ ಬೇಕು.

ಹೌದು, ಅವಳೇ ಹೇಳಿಕೊಟ್ಟಿದ್ದು. ಸುಮ್ಮನೆ ಕೂರಬೇಡ, ಅಜ್ಜಿಗೆ ಅನುಮಾನ ಬರುತ್ತೆ, ದೊಡ್ಡ ಸದ್ದು ಬಂದಾಗ ಹೆದರಿಕೋ, ಜೋಕ್ ಬಂದಾಗ ಸ್ವಲ್ಪ ತಡೆದು ನಗು. ಮಗುವಿಗೆ ಅದು ಆಟದ ಹಾಗೆ ಆಗಿತ್ತಂತೆ. ಅಳಿಯನಿಗೂ ಗೊತ್ತು. ಹಲ್ಲಿನ ಡಾಕ್ಟರಿಗೂ ಗೊತ್ತು! ನನ್ನ ಗೆಳತಿ, ಅಂಕಣ ಶುರು ಮಾಡಿದಾಗ ಜೊತೆಗೆ ಕೂತು ನಿಯಮ ಬರೆದವಳು. ಥಿಯೇಟರಿನಲ್ಲಿ ತಾತ-ಮೊಮ್ಮಗಳನ್ನು ನೋಡಿದ್ದಾಳೆ, ಅದೂ ನಾನು "ಬೇಡ" ಅಂದ ಮೇಲೆ ಇಬ್ಬರೂ ಮತ್ತೆ ನೋಡಲು ಹೋದ ಸಿನಿಮಾಗೆ. ತನ್ನ ಮಕ್ಕಳನ್ನೂ ಕರೆತಂದಿದ್ದಳಂತೆ. ಬಾಯಿಗೆ ಬೆರಳಿಟ್ಟು ಕಣ್ಣು ಮಿಟುಕಿಸಿ ಹೋದಳಂತೆ.

ಎಲ್ಲರೂ ಸೇರಿ ನನ್ನ ಕಿವಿಗೆ ಹೂವಿಟ್ಟಿದ್ದಾರೆ. ಒಂದೆರಡಲ್ಲ, ಬುಟ್ಟಿಗಟ್ಟಲೆ.

"ನಿಂಗೆ ಬೇಜಾರಾಗ್ಬಾರ್ದು ಅಂತಾನೇ ಅಮ್ಮಾ. ನಿಂಗೆ ಆ ಅಂಕಣ ಅಂದ್ರೆ ಪ್ರಾಣ ಅಂತ ಎಲ್ರಿಗೂ ಗೊತ್ತು" ಅಂದಳು ಮಗಳು.

ಬನ್ನು ನೆನಪಾಯಿತು. ಹೊಳೆಗೆ ಎಸೆದ ಬನ್ನು, ಒಂದಾದ ಮೇಲೊಂದು.

ಸೆ. 20, ಶುಕ್ರವಾರ

ಐದು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಅಡುಗೆ ಮಾಡಿದೆ, ಬಡಿಸಿದೆ. ಇವರು ಟೇಬಲ್ಲಿನ ಆ ಕಡೆ, ನಾನು ಈ ಕಡೆ, ನಡುವೆ ಉಪ್ಪಿನ ಡಬ್ಬಿ. ಅದನ್ನು ಕೇಳುವುದಕ್ಕೂ ಹಿಂಜರಿದು ಸಪ್ಪೆಯನ್ನೇ ತಿಂದರು. ತಿನ್ನಲಿ.

ಹಲ್ಲಿನ ಡಾಕ್ಟರ್ ಬಂದಿದ್ದಳು. ಕ್ಷಮಿಸು ಅನ್ನಲಿಕ್ಕೆ ಬಂದವಳು ಬೇಗನೆ ವಾದಕ್ಕಿಳಿದಳು. ಸಭೆಯ ಅರ್ಧ ಮನೆಗಳು ಹೀಗೇ ಮಾಡುವುದಂತೆ. ಅಂಕಣ ಓದುತ್ತಾರೆ, ಮೆಚ್ಚುತ್ತಾರೆ, ಫ್ರಿಜ್ಜಿಗೂ ಅಂಟಿಸುತ್ತಾರೆ, ಆಮೇಲೆ ಮಕ್ಕಳು ಹಟ ಹಿಡಿದ ಸಿನಿಮಾವನ್ನೇ ನೋಡುತ್ತಾರೆ. "ಅದರಲ್ಲಿ ಏನು ತಪ್ಪು? ನಿನ್ನ ಬರಹ ಅಂದ್ರೆ ಎಲ್ರಿಗೂ ಇಷ್ಟ" ಅಂದಳು. ಸಮಾಧಾನ ಮಾಡಲು ಹೇಳಿದ್ದು! ಗಾಯಕ್ಕೆ ಉಪ್ಪು ಸವರಿ ಟೀ ಕುಡಿದು ಹೋದಳು.

ಅವಳ ಮೇಲೆ ಬಂದಷ್ಟು ಸಿಟ್ಟು ಗಂಡನ ಮೇಲೂ ಬರಲಿಲ್ಲ. ಗಂಡ ಸೋಮಾರಿ, ಮಗಳಿಗೆ ನನ್ನ ಹೆದರಿಕೆ. ಇವಳು ಆ ನಿಯಮವನ್ನು ನನ್ನ ಜೊತೆ ಕೂತು ಬರೆದವಳು. ಅವತ್ತು ನಾವಿಬ್ಬರೂ ಪ್ರಾರ್ಥನೆ ಮಾಡಿ ಶುರು ಮಾಡಿದ್ದೆವು. ಅವಳಿಗೆ ಮರೆತಿದೆ. ನನಗೆ ಮರೆತಿಲ್ಲ.

ಬಟಾಣಿ ಐದು ದಿನದಿಂದ ಕೆಳಗೆ ಇಳಿದಿಲ್ಲ. ಮೆಟ್ಟಿಲಲ್ಲಿ ಅವಳ ಚಪ್ಪಲಿ ಸದ್ದು ಬರುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ. ಅವಳ ತಪ್ಪು ಏನೂ ಇಲ್ಲ. ಕರೆಯಬೇಕು. ಬಾಯಿ ಬರುತ್ತಿಲ್ಲ.

ಸೆ. 23, ಸೋಮವಾರ

ಬರೆಯಲು ಕೂತೆ.

"ಬೇಡ" ಅಂತ ಬರೆದೆ. ಎಲ್ಲರೂ ಸೇರಿ ಒಬ್ಬ ಮುದುಕಿಯನ್ನು ಮಂಗ ಮಾಡುವುದನ್ನು ಪ್ರೀತಿ ಅಂತ ತೋರಿಸುವ ಸಿನಿಮಾ, ದೇವರಿಗೆ ಹೆದರುವ ಮನೆಗೆ ಸಲ್ಲದು. ಓದಿ ನೋಡಿದೆ. ಸಿನಿಮಾ ವಿಮರ್ಶೆಯಲ್ಲ, ನನ್ನ ಹೊಟ್ಟೆಯುರಿ. ಹರಿದು ಹಾಕಿದೆ.

"ನೋಡಬಹುದು" ಅಂತ ಬರೆದೆ. ಸಿಹಿ ಸಿನಿಮಾ, ಕಲಿಯುವುದಿದೆ. ಹತ್ತನೇ ತಾರೀಕು ನನಗೆ ನಿಜವಾಗಿ ಅನಿಸಿದ್ದು ಅದೇ. ಆದರೆ ಹಾಗೆ ಬರೆದರೆ ನಮ್ಮ ಮನೆಗೇ ಪರವಾನಗಿ ಕೊಟ್ಟ ಹಾಗೆ. ಇವರು ಅದನ್ನು ಫ್ರಿಜ್ಜಿಗೆ ಅಂಟಿಸುತ್ತಾರೆ, ಖಂಡಿತ. ಅದನ್ನೂ ಹರಿದೆ.

ಅದಕ್ಕಿಂತ ದೊಡ್ಡ ಕಷ್ಟ ಬೇರೆ. ಅಂಕಣದ ಅರ್ಧ ಭಾಗ ಮಗುವಿನ ಮುಖ. ಈ ಸಲ ಏನು ಬರೆಯಲಿ? ಮಗು ಪ್ರವಾಹದಲ್ಲಿ ಬೆಚ್ಚಿತು, ಚೆನ್ನಾಗಿ ಬೆಚ್ಚಿತು, ತಾಯಿ ಹೇಳಿಕೊಟ್ಟಿದ್ದಕ್ಕಿಂತ ಒಂದು ಕೈ ಮೇಲೆ? ಒಂದೂವರೆ ವರ್ಷದ ತೀರ್ಪುಗಳು ಕಣ್ಣ ಮುಂದೆ ಬರುತ್ತಿವೆ. ಪಾಪ, ಆ ಡ್ರ್ಯಾಗನ್. ಯಾರೋ ಕಷ್ಟಪಟ್ಟು ಮಾಡಿದ ಸಿನಿಮಾ, ನಮ್ಮ ಮನೆಯ ನಾಟಕಕ್ಕೆ ಬಲಿಯಾಯಿತು.

ಮತ್ತೆ ಆ ಕರಡಿ ಅಜ್ಜಿ! ಅಷ್ಟು ಬೇಗ ಹೇಗೆ ನಕ್ಕಳು? ಗೊತ್ತಾದ ಮರುಕ್ಷಣ ನಗು. ಒಂದು ನಿಮಿಷ ಸುಮ್ಮನೆ ಕೂರಬಾರದಿತ್ತೇ? ಆ ಹೊಳೆಯ ಹತ್ತಿರ ಹೋಗಿ ಒಂದು ಬನ್ನನ್ನಾದರೂ ಎತ್ತಿ ನೋಡಬಾರದಿತ್ತೇ? ಸಿನಿಮಾ ಮಾಡಿದವರಿಗೆ ಆತುರ. ಅಪ್ಪುಗೆ ಬೇಕು, ಹಾಡು ಬೇಕು, ಜನ ಮನೆಗೆ ಹೋಗಬೇಕು. ನನ್ನ ಆಕ್ಷೇಪ ಅದೊಂದೇ. ಅದನ್ನೇ ಬರೆಯುತ್ತೇನೆ.

ಸೆ. 25, ಬುಧವಾರ. ಸಂಜೆ ಐದು

ಬರೆದು ಮುಗಿಸಿದೆ. ತೀರ್ಪು: ಜೊತೆಗೆ ಕೂತು ನೋಡಿ. ಆಮೇಲೆ ಮಕ್ಕಳ ಜೊತೆ ಮಾತಾಡಿ, ಅಜ್ಜಿಗೆ ಏನನಿಸಿರಬಹುದು ಅಂತ. ತಲೆಯ ಮೇಲಿನ ಸಾಲು ತೆಗೆಯಿರಿ ಅಂತ ಸಂಪಾದಕರಿಗೆ ಹೇಳಿದೆ. ಯಾಕೆ ಅಂತ ಕೇಳಿದರು. ಜಾಗ ಉಳಿಯುತ್ತದೆ ಅಂದೆ. ಒಪ್ಪಿದರು.

ಕಳಿಸಬೇಕು ಅನ್ನುವಷ್ಟರಲ್ಲಿ ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಇವತ್ತು ಅರ್ಧಕ್ಕೆ ನಿಲ್ಲಲಿಲ್ಲ. ಬಟಾಣಿ ಬಾಗಿಲಲ್ಲಿ ನಿಂತಳು. ಬಾ ಅಂದೆ. ಬಂದು ತೊಡೆ ಏರಿದಳು, ಕಂಪ್ಯೂಟರ್ ನೋಡಿದಳು, ಕರಡಿಯ ಚಿತ್ರದ ಮೇಲೆ ಬೆರಳಿಟ್ಟಳು. ಕೂದಲಲ್ಲಿ ಎಣ್ಣೆಯ ವಾಸನೆ. ಹತ್ತು ದಿನದ ಸಿಟ್ಟು ಕರಗಿಯೇ ಹೋಯಿತು ಅಂದುಕೊಂಡೆ.

"ಅಜ್ಜಿ, ಕರಡಿ ಅಜ್ಜಿ ನಿಜವಾಗ್ಲೂ ನಕ್ಕಿದ್ದಾ? ಇಲ್ಲಾ ಮರಿಗೆ ಬೇಜಾರಾಗುತ್ತೆ ಅಂತ ನಕ್ಕಿದ್ದಾ?"

ಎಂಥಾ ಪ್ರಶ್ನೆ. ಇಷ್ಟು ವರ್ಷ ಬರೆದೂ ನನಗೆ ಹೊಳೆಯದ ಪ್ರಶ್ನೆ. ಗಟ್ಟಿಯಾಗಿ ಅಪ್ಪಿಕೊಳ್ಳಬೇಕು ಅನಿಸಿತು. ಅಪ್ಪಿಕೊಳ್ಳುವ ಮುಂಚೆ, ಅಭ್ಯಾಸ ಎಲ್ಲಿ ಹೋಗುತ್ತದೆ, ಮುಖ ನೋಡಿದೆ.

ಕಣ್ಣು ಅಗಲವಾಗಿತ್ತು. ತುಂಬಿಕೊಂಡಿತ್ತು. ನನ್ನನ್ನೇ ನೋಡುತ್ತಿತ್ತು. ಹಿಂದೆ, ಮೆಟ್ಟಿಲ ಮೇಲೆ, ಇನ್ನೊಂದು ಚಪ್ಪಲಿಯ ಸದ್ದು ಬಂದು ನಿಂತಿತು. ಈ ಪ್ರಶ್ನೆ ಮಗುವಿನದೇನಾ, ಇಲ್ಲಾ ಮೇಲೆ ಯಾರಾದರೂ ಹೇಳಿಕೊಟ್ಟಿದ್ದಾ?