ಹತ್ತನೆಯ ನಿಮಿಷದಲ್ಲಿ ಎದ್ದುಹೋದವರು

ಜೂನ್ ೧೪, ಶನಿವಾರ

ಪ್ರೀತಿಯ ಅಕ್ಕನಿಗೆ ನಿಮ್ಮ ಡೈರಿ ತಮ್ಮನ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಏಳು ವಾರ ಆಯಿತು. ನೀವು ಎಷ್ಟು ಬೈದರೂ ಕಮ್ಮಿಯೇ. ಮೈ ಹುಷಾರಿರಲಿಲ್ಲ ಅಂತ ಬರೆಯೋಣ ಅಂದುಕೊಂಡೆ, ಆದರೆ ನಿಮಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ರೇಡಿಯೋ ಕೇಂದ್ರದಲ್ಲಿ ಒಬ್ಬರೂ ಇಲ್ಲವಲ್ಲ. ನಾಲ್ಕು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ನಿಮ್ಮ ದನಿ ಕೇಳಿದರೆ ನನ್ನ ಬಾಯಿಂದ ಒಂದಕ್ಷರವೂ ಹೊರಡುವುದಿಲ್ಲ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ, ಅದೊಂದು ಅನುಕೂಲ.

ಕಾಲಿನ ಪ್ಲಾಸ್ಟರ್ ಬಿಚ್ಚಿದರಂತೆ, ಭಾವ ಹೇಳಿದರು. ಇನ್ನಾದರೂ ಪುಸ್ತಕ ಓದುತ್ತಾ ಮೆಟ್ಟಿಲು ಇಳಿಯಬೇಡಿ. ಮಗಳ ಮನೆ ನಿಮಗೆ ಒಗ್ಗಿತು ಅಂತಲೂ ಹೇಳಿದರು, ಆ ಮಾತು ಮಾತ್ರ ನಾನು ನಂಬಲಿಲ್ಲ.

ಇಲ್ಲಿಯ ಸುದ್ದಿ ಏನು ಬರೆಯಲಿ. ನಮ್ಮ ಶ್ರೋತೃ ಸಂಶೋಧನಾ ವಿಭಾಗ ಈಗ ಒಂದು ಮೇಜಿಗೆ ಬಂದು ನಿಂತಿದೆ, ಅದೂ ನೀರಿನ ಫಿಲ್ಟರ್ ಪಕ್ಕದಲ್ಲಿ. ಬಾಯಾರಿದವರೆಲ್ಲ ನನ್ನ ತಲೆಯ ಮೇಲಿಂದಲೇ ಲೋಟ ತೆಗೆದುಕೊಳ್ಳಬೇಕು. ನಮ್ಮ ಹಳೇ ಕೋಣೆಯಲ್ಲಿ ಹೊಸ ಅಧಿಕಾರಿ ಕೂತಿದ್ದಾರೆ. ಎಲ್ಲರೂ ಡೇಟಾ ಮೇಡಂ ಅನ್ನುತ್ತಾರೆ. ಬೀರು ಖಾಲಿ ಮಾಡಿಸುವಾಗ ನನ್ನ ಡೈರಿಯೊಂದನ್ನು ತೆಗೆದು ಇದೇನು ಅಂದರು. ವಾರಕ್ಕೊಂದು ಪುಸ್ತಕ, ಕಾಲು ಗಂಟೆಗೊಂದು ಚೌಕ, ರೇಡಿಯೋ ಕೇಳಿದವರು ಟಿಕ್ಕು ಹಾಕಬೇಕು, ನಾನು ಮನೆಮನೆ ತಿರುಗಿ ವಾಪಸು ತರಬೇಕು ಅಂತ ವಿವರಿಸಿದೆ. ಜನ ನಿಜ ಬರೆಯುತ್ತಿದ್ದರಾ ಅಂತ ಕೇಳಿದರು. ಅರ್ಧ ಜನ ಬರೆಯುತ್ತಿದ್ದರು, ಉಳಿದವರು ನಾನು ಬರುವ ದಿನ ಬೆಳಿಗ್ಗೆ ಒಂದೇ ಪೆನ್ನಿನಲ್ಲಿ ಒಂದೇ ಏಟಿಗೆ ವಾರವನ್ನೆಲ್ಲ ತುಂಬಿಸುತ್ತಿದ್ದರು ಅಂದೆ. ನಕ್ಕರು. ಕೆಟ್ಟವರಲ್ಲ ಅಕ್ಕ, ಲೆಕ್ಕ ಬಿಟ್ಟು ಬೇರೆ ಭಾಷೆ ಬರುವುದಿಲ್ಲ ಅಷ್ಟೇ.

ಇರಲಿ, ಸುತ್ತಿ ಬಳಸಿ ಸಾಕು. ನೀವು ಕಾಗದದಲ್ಲಿ ಒಂದೇ ಪ್ರಶ್ನೆ ಕೇಳಿದ್ದಿರಿ: "ಹತ್ತು ನಿಮಿಷಕ್ಕೇ ಜನ ಎದ್ದು ಹೋಗುವಷ್ಟು ನನ್ನ ದನಿ ಕೆಟ್ಟಿದ್ದರೆ, ನೀನಾದರೂ ಮೊದಲೇ ಯಾಕೆ ಹೇಳಲಿಲ್ಲ?" ಮೊಮ್ಮಗಳಿಗೆ ಕಥೆ ಓದುವುದನ್ನೂ ನಿಲ್ಲಿಸಿದ್ದೀರಂತೆ. ಮನೆಯಲ್ಲಿ ಹೂಂ, ಉಹೂಂ ಬಿಟ್ಟರೆ ಮಾತೇ ಇಲ್ಲವಂತೆ. ಇದನ್ನೂ ಭಾವನೇ ಹೇಳಿದರು.

ನಿಮ್ಮ ಕಾರ್ಯಕ್ರಮ ನಿಲ್ಲಿಸಿದ ಮೀಟಿಂಗಿನಲ್ಲಿ ಆಗಿದ್ದು ಇಷ್ಟು. ನೀವು ಮಗಳ ಮನೆಗೆ ಹೊರಡುವ ಮುಂಚೆ ರೆಕಾರ್ಡ್ ಮಾಡಿಟ್ಟು ಹೋದ ಮಧ್ಯಾಹ್ನದ ಕಂತುಗಳ ಲೆಕ್ಕವನ್ನು ಪರದೆ ಮೇಲೆ ತೋರಿಸಿದರು. ಹಳೇ ಟ್ರಾನ್ಸ್‌ಮಿಟರ್ ಹೋದ ವರ್ಷ ಮುಚ್ಚಿದ ಮೇಲೆ ಕೇಳುವವರೆಲ್ಲ ಫೋನಿನ ಆ್ಯಪಿನಲ್ಲೇ ಕೇಳಬೇಕಲ್ಲ, ಹಾಗಾಗಿ ಯಾರು ಯಾವ ಕ್ಷಣದಲ್ಲಿ ಹೋದರು ಅನ್ನುವುದೂ ಸಿಗುತ್ತದೆ. ಗೆರೆ ಹತ್ತನೆಯ ನಿಮಿಷದವರೆಗೆ ನೆಟ್ಟಗೆ ಹೋಗಿ, ಅಲ್ಲಿಂದ ಬಾವಿಗೆ ಬಿದ್ದ ಹಾಗೆ ಕೆಳಕ್ಕೆ. ನೂರಕ್ಕೆ ಎಂಬತ್ತಮೂರು ಜನ ಇಲ್ಲ. ಅಲ್ಲಿಂದಲೇ ನೀವು ಕೇಳುಗರ ಕಾಗದ ಓದಲು ಶುರುಮಾಡುವುದು, ಊರವರ ಗೋಳು ಯಾರಿಗೆ ಬೇಕು ಅಂದರು ನಿರ್ದೇಶಕರು. ದನಿಗೂ ವಯಸ್ಸಾಯಿತು ಅಂತ ಇನ್ಯಾರೋ ಸೇರಿಸಿದರು. ಇಪ್ಪತ್ತಾರು ವರ್ಷದ ಕಾರ್ಯಕ್ರಮ ಮುಗಿಸಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ಅಕ್ಕ, ನಿಮ್ಮ ದನಿಗೆ ಏನೂ ಆಗಿಲ್ಲ. ಒಬ್ಬರೂ ಎದ್ದುಹೋಗಲಿಲ್ಲ.

ಬಸ್ ನಿಲ್ದಾಣದ ಹಿಂದೆ, ಮೆಟ್ಟಿಲ ಕೆಳಗೆ ಟೈಲರ್ ಅಂಗಡಿ ಇದೆಯಲ್ಲ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಡೈರಿಗೂ ಟಿಕ್ಕು ಹಾಕುತ್ತಿದ್ದ ಮಹಾರಾಯರದು. ಒಂದು ಸೋಮವಾರ ಅಲ್ಲಿಗೆ ಹೋಗಿದ್ದೆ. ಮೂರು ಮಷೀನು, ಮೂರು ಜನ. ಫೋನು ಮೇಲಿನ ಹಲಗೆಯಲ್ಲಿ, ದಾರದ ಉಂಡೆಗಳ ನಡುವೆ. ನಿಮ್ಮ ಕಾರ್ಯಕ್ರಮ ಬಂತು. ನೀವು ಜೋಕು ಹೇಳಿದಾಗ ಮೂವರೂ ನಕ್ಕರು, ಹೊಲಿಗೆ ನಿಲ್ಲಲಿಲ್ಲ. ಹತ್ತನೆಯ ನಿಮಿಷಕ್ಕೆ ದನಿ ನಿಂತಿತು. ಯಾರೂ ತಲೆ ಎತ್ತಲಿಲ್ಲ. ನಾನೇ ಎದ್ದು ಫೋನು ನೋಡಿದೆ. "ಇನ್ನೂ ಕೇಳುತ್ತಿದ್ದೀರಾ? ಹೌದಾದರೆ ಒತ್ತಿ" ಅಂತ ಬರೆದಿತ್ತು. ನೋಡುತ್ತಿದ್ದ ಹಾಗೆ ಅದೂ ಹೋಗಿ ಆ್ಯಪು ಮುಚ್ಚಿಕೊಂಡಿತು. ನಮ್ಮ ಲೆಕ್ಕದಲ್ಲಿ ಆ ಅಂಗಡಿ ಎದ್ದುಹೋಯಿತು.

ಟೈಲರು ಹೊಲಿಯುತ್ತಲೇ ಕೇಳಿದರು, "ಅಕ್ಕ ಈಗೀಗ ಯಾಕೆ ಇಷ್ಟು ಬೇಗ ಮುಗಿಸ್ತಾರೆ? ನಮ್ಮ ಮೇಲೆ ಬೇಜಾರಾ?"

ಆಮೇಲೆ ಬೇಕರಿಗೆ ಹೋದೆ, ಅಲ್ಲಿಯವರಿಗೆ ಮೊಣಕೈವರೆಗೂ ಹಿಟ್ಟು. ಕಣ್ಣು ಕಾಣದವರ ಹಾಸ್ಟೆಲಿಗೆ ಹೋದೆ, ಪರದೆ ಮೇಲೆ ಪ್ರಶ್ನೆ ಬರುತ್ತದೆ ಅನ್ನುವುದೇ ಅವರಿಗೆ ಗೊತ್ತಿಲ್ಲ. ನಿಮ್ಮನ್ನು ಕೇಳುವವರೆಲ್ಲ ಒಂದೋ ಕೈ ಖಾಲಿ ಇಲ್ಲದವರು, ಇಲ್ಲ ಪರದೆ ನೋಡಲಾಗದವರು. ಬೇರೆ ಕಾರ್ಯಕ್ರಮಗಳೆಲ್ಲ ಹತ್ತು ನಿಮಿಷದೊಳಗೆ, ಆ ಪ್ರಶ್ನೆ ಬರುವ ಮೊದಲೇ ಮುಗಿಯುತ್ತವೆ. ಅರ್ಧ ಗಂಟೆಯದು ನಿಮ್ಮದೊಂದೇ, ಪೆಟ್ಟು ಬಿದ್ದಿದ್ದೂ ನಿಮಗೊಬ್ಬರಿಗೇ. ಅವರೆಲ್ಲ ನೀವೇ ಮಾತು ನಿಲ್ಲಿಸಿದಿರಿ ಅಂದುಕೊಂಡರು. ನೀವು ಅವರೇ ಎದ್ದುಹೋದರು ಅಂದುಕೊಂಡಿರಿ.

ಈಗ ಹೇಳಿದರೆ ಸರಿಹೋಗುವುದಿಲ್ಲವಾ ಅಂತ ಕೇಳಬೇಡಿ. ಹೋದ ವಾರ ಡೇಟಾ ಮೇಡಂಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ವರದಿ ತಮ್ಮ ಸಹಿಯಲ್ಲಿ ಮೇಲಕ್ಕೆ ಹೋಗಿದೆ, ಒಂದು ಕಾರ್ಯಕ್ರಮಕ್ಕಾಗಿ ಯಾರೂ ಅದನ್ನು ವಾಪಸು ತೆಗೆಯುವುದಿಲ್ಲ ಅಂದರು. ನಿಮ್ಮ ಸ್ಟುಡಿಯೋದ ಗೋಡೆ ಒಡೆದಾಯಿತು, ಅಲ್ಲಿ ಕ್ಯಾಮೆರಾ ಇಡುತ್ತಾರಂತೆ. ನೀವು ವಾಪಸು ಬಂದರೂ ಕೂರಲು ಜಾಗವಿಲ್ಲ. ಆಸೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ.

ಮೊಮ್ಮಗಳಿಗೆ ನನ್ನ ಆಶೀರ್ವಾದ. ಅವಳಿಗೆ ಕಥೆ ಓದಿ ಹೇಳಿ, ಗಟ್ಟಿಯಾಗಿ. ಭಾವನಿಗೆ ನಮಸ್ಕಾರ. ನಿಮ್ಮ ಕಾಲು ಬೇಗ ನೆಟ್ಟಗಾಗಲಿ, ಮಕ್ಕಳ ನಡುವೆ ತಣ್ಣಗಿರಿ.

ಇಂತಿ,
ನಿಮ್ಮ ಡೈರಿ ತಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಆ್ಯಪಿನ ಆ ಪ್ರಶ್ನೆ ಯಾರ ತಲೆಯಿಂದ ಬಂತು ಅನ್ನುವುದನ್ನು ಬರೆದಿರಲಿಲ್ಲ. ನನ್ನ ತಲೆಯಿಂದ. ಆ್ಯಪು ಮಾಡುವಾಗ ನನ್ನನ್ನೂ ಕರೆದು ಸಲಹೆ ಕೇಳಿದರು, ಉಬ್ಬಿಹೋದೆ. ರೇಡಿಯೋ ಹಾಕಿಟ್ಟು ಬೇರೆ ಕೆಲಸ ಮಾಡುವವರನ್ನು ಕೇಳುಗರು ಅಂತ ಎಣಿಸಬಾರದು, ಹತ್ತು ನಿಮಿಷಕ್ಕೊಮ್ಮೆ ಇನ್ನೂ ಇದ್ದೀರಾ ಅಂತ ಕೇಳಿ ನೋಡಿ ಅಂದೆ. ಸುಳ್ಳು ಟಿಕ್ಕು ನೋಡಿ ನೋಡಿ ಬಂದ ಸಿಟ್ಟು ಅದು. ಅದನ್ನೂ ನೀವು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಿರೇನೋ. ಆದರೆ ನಾನು ಟೈಲರ್ ಅಂಗಡಿಗೆ ಹೋದ ಆ ಸೋಮವಾರ ಮೀಟಿಂಗಿಗಿಂತ ಮೂರು ದಿನ ಮೊದಲಿನದು. ಗುರುವಾರ ನಿರ್ದೇಶಕರು ಎಲ್ಲರೆದುರು ನನ್ನ ಕಡೆ ತಿರುಗಿ, "ನೀವೇನಾದರೂ ಹೇಳುವುದಿದೆಯಾ?" ಅಂದರು. ನನ್ನ ನೌಕರಿ ಎರಡು ವರ್ಷ ಮುಂದುವರಿಸುವ ಕಾಗದ ಅವರ ಸಹಿಗೆ ಕಾಯುತ್ತಿತ್ತು. ಇಲ್ಲ ಸರ್ ಅಂದೆ. ಮರುದಿನವೇ ಸಹಿಯಾಯಿತು. ನಿಮ್ಮ ಹೊತ್ತಿನಲ್ಲಿ ಈಗ ಅರ್ಧ ಗಂಟೆ ಬರೀ ಹಾಡು. ಹಾಡು ನಡುವೆ ನಿಲ್ಲುತ್ತದೆ ಅಂತ ಜನ ದೂರು ಕೊಟ್ಟರು, ಮೊನ್ನೆ ಆ ಪ್ರಶ್ನೆಯನ್ನು ತೆಗೆದುಬಿಟ್ಟರು. ಈಗ ಯಾರೂ ಎದ್ದುಹೋಗುವುದಿಲ್ಲ ಅಂತ ನಾನೇ ವರದಿ ಬರೆದುಕೊಟ್ಟೆ.